ಹಂಪನಕಟ್ಟೆಯಲ್ಲಿ ಇಷ್ಟು ಗಿರಾಕಿಗಳು ಎಲ್ಲಿಂದ ಬಂದರು?

"ಮೇಡಂ, ಒಂದು ಸಣ್ಣ ಕೆಲಸ ಉಂಟು. ಗಿರಾಕಿಯ ಪಿನ್‌ಕೋಡ್ ಕಡ್ಡಾಯ ಮಾಡಿಬಿಡಿ. ನಮ್ಮ ಹುಡುಗಿಯರು ತುಂಬಿಸುವುದೇ ಇಲ್ಲ."

ಅಂಗಡಿಯವರಿಗೆ ಗಿರಾಕಿಗಳ ಸಾಫ್ಟ್‌ವೇರ್ ಹೊಂದಿಸಿ ಕೊಡುವುದು ನನ್ನ ಕೆಲಸ. ಇಂಥ ಫೋನ್ ಬಂದರೆ ಆರು ತಿಂಗಳಲ್ಲಿ ಇನ್ನೊಂದು ಫೋನ್ ಬರುತ್ತದೆ ಅಂತ ನನಗೆ ಗೊತ್ತು. ಬಂತು ಕೂಡ. "ಮೇಡಂ, ರಿಪೋರ್ಟ್‌ನಲ್ಲಿ ಏನೋ ಎಡವಟ್ಟಾಗಿದೆ. ಮುಕ್ಕಾಲು ಪಾಲು ಗಿರಾಕಿಗಳು ಹಂಪನಕಟ್ಟೆಯವರು ಅಂತ ತೋರಿಸ್ತಾ ಉಂಟು."

ಇವರು ಮಾರುವುದು ಸೋಲಾರ್ ಹೀಟರ್ ಮತ್ತು ಮಾಡಿಗೆ ಹಾಕುವ ಶೀಟು. ಹಂಪನಕಟ್ಟೆಯಲ್ಲಿ ಇರುವುದು ಅಂಗಡಿ, ಲಾಡ್ಜು, ಬಸ್ಸಿಗೆ ಓಡುವ ಜನ. ಅಲ್ಲಿ ಇಷ್ಟು ಮಂದಿ ಶೀಟು ಹಾಕಿಸಿದ್ದು ಯಾವಾಗ? ರಿಪೋರ್ಟ್ ಸರಿಯಾಗಿಯೇ ಇತ್ತು. ಮಂಗಳೂರಿನಲ್ಲಿ ಎಲ್ಲರಿಗೂ ಬಾಯಿಪಾಠ ಇರುವ ಪಿನ್‌ಕೋಡ್ ಒಂದೇ, ಹಂಪನಕಟ್ಟೆಯ 575001. ಬೆಳ್ತಂಗಡಿಯ ಗಿರಾಕಿಗೂ ಅದೇ, ಕಾರ್ಕಳದವರಿಗೂ ಅದೇ. ಅಂಗಡಿಯ ಧನಿಗಳು ಈ ರಿಪೋರ್ಟ್ ನಂಬಿ ಹಂಪನಕಟ್ಟೆ ಸಿಗ್ನಲ್ ಹತ್ತಿರ ಹೋರ್ಡಿಂಗ್‌ಗೆ ರೇಟು ಬೇರೆ ಕೇಳಿಸಿದ್ದರು.

ಈ ಸಾಫ್ಟ್‌ವೇರಿಗೆ ಸಿಆರ್‌ಎಂ ಅನ್ನುತ್ತಾರೆ. ಗಿರಾಕಿಗಳ ಲೆಕ್ಕ ಇಡುವ ಸಾಫ್ಟ್‌ವೇರ್, ಅಷ್ಟು ಸಾಕು. ಈಗ ಬೈಕಂಪಾಡಿಯ ಗೋಡೌನಿನಿಂದ ಮಣಿಪಾಲದ ಕೋಚಿಂಗ್ ಸೆಂಟರ್ ತನಕ ಎಲ್ಲ ಕಡೆ ಉಂಟು. ಕಂಪನಿ ಜೋಹೋ ಇರಲಿ, ಸೇಲ್ಸ್‌ಫೋರ್ಸ್ ಇರಲಿ, ನನ್ನ ತಕರಾರು ಎರಡಕ್ಕೂ ಒಂದೇ. ಫೀಲ್ಡ್, ಅಂದರೆ ಸ್ಕ್ರೀನಿನಲ್ಲಿ ತುಂಬಿಸುವ ಜಾಗ, ಕಡ್ಡಾಯ ಮಾಡಿದರೆ ಮಾಹಿತಿ ಬರುತ್ತದೆ ಅಂತ ಜನ ನಂಬಿದ್ದಾರೆ. ಹದಿನಾಲ್ಕು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಈ ಒಂದು ಮಾತು ಒಪ್ಪಿಸುವಷ್ಟರಲ್ಲಿ ನನ್ನ ಗಂಟಲು ಒಣಗುತ್ತದೆ.

ಕಡ್ಡಾಯ ಅಂದರೆ ಇಷ್ಟೇ: ಆ ಜಾಗ ಖಾಲಿ ಇದ್ದರೆ ಸೇವ್ ಬಟನ್ ಕೆಲಸ ಮಾಡುವುದಿಲ್ಲ. ಆ ಜಾಗದಲ್ಲಿ ಏನಿದೆ ಅಂತ ಸಾಫ್ಟ್‌ವೇರ್ ಓದುವುದಿಲ್ಲ. ಒಂದು ಚುಕ್ಕಿ ಇಟ್ಟರೂ ಅದಕ್ಕೆ ಸಮಾಧಾನ.

ಇದು ನನಗೆ ಅರ್ಥವಾದದ್ದು ಪುಸ್ತಕದಿಂದ ಅಲ್ಲ. ಒಂದು ಜೂನ್ ತಿಂಗಳಲ್ಲಿ ಅದೇ ಅಂಗಡಿಯ ಕೌಂಟರ್ ಹಿಂದೆ ಸ್ಟೂಲ್ ಹಾಕಿಕೊಂಡು ಅರ್ಧ ದಿನ ಕೂತಿದ್ದೆ. ಹೊರಗೆ ಜಡಿಮಳೆ. ಕೌಂಟರ್‌ನ ಹುಡುಗಿಯ ಭುಜಕ್ಕೂ ಕಿವಿಗೂ ನಡುವೆ ಫೋನ್. ಎದುರಿಗೆ ಕೊಡೆಯಿಂದ ನೀರು ಇಳಿಸುತ್ತಾ ಇಬ್ಬರು ಗಿರಾಕಿಗಳು. ಫೋನಿನಲ್ಲಿದ್ದವರು ಕೇಳಿದ್ದು ಒಂದೇ: "ಇನ್ನೂರು ಲೀಟರಿನದ್ದು ಎಷ್ಟಾಗ್ತದೆ?" ಅದನ್ನು ಬರೆದುಕೊಳ್ಳಲು ಸ್ಕ್ರೀನಿನಲ್ಲಿ ಕಡ್ಡಾಯದ ಕೆಂಪು ಗುರುತಿನ ಹದಿನೇಳು ಫೀಲ್ಡ್. ಉದ್ಯೋಗ ಏನು, ಹುಟ್ಟಿದ ದಿನ ಯಾವುದು, ಮನೆಯಲ್ಲಿ ಎಷ್ಟು ಜನ, ನಮ್ಮ ಬಗ್ಗೆ ಎಲ್ಲಿ ಕೇಳಿದಿರಿ.

ಅವಳು ಕೇಳಲೇ ಇಲ್ಲ. ಬೆರಳು ತಾನಾಗಿ ಓಡಿತು. ಟ್ಯಾಬ್, ಚುಕ್ಕಿ. ಟ್ಯಾಬ್, ಚುಕ್ಕಿ. ಹುಟ್ಟಿದ ದಿನಕ್ಕೆ 01-01-1990. ಪಿನ್‌ಕೋಡ್‌ಗೆ ನಮ್ಮ ಹಂಪನಕಟ್ಟೆ. ಹೆಸರು ಒಂದೇ ಸಿಕ್ಕಿತ್ತು, ಅದು ಮೊದಲ ಹೆಸರಿನ ಜಾಗಕ್ಕೆ ಹೋಯಿತು. ಕೊನೆಯ ಹೆಸರಿಗೆ 'ಸರ್'. ಈ ಕೊನೆಯ ಹೆಸರಿನ ಕಾಟ ಮಾತ್ರ ಧನಿಗಳ ತಪ್ಪಲ್ಲ. ಜೋಹೋದಲ್ಲೂ ಸೇಲ್ಸ್‌ಫೋರ್ಸ್‌ನಲ್ಲೂ ಲೀಡ್‌ಗೆ, ಅಂದರೆ ಇನ್ನೂ ಬರೀ ವಿಚಾರಿಸಿದ ಗಿರಾಕಿಯ ದಾಖಲೆಗೆ, ಕೊನೆಯ ಹೆಸರು ಮೊದಲಿನಿಂದಲೇ ಕಡ್ಡಾಯ. ನಮ್ಮಲ್ಲಿ ಎಷ್ಟೋ ಮಂದಿಗೆ ಕೊನೆಯ ಹೆಸರೇ ಇಲ್ಲ, ಇದ್ದರೂ ಅದು ಒಂದು ಇನಿಷಿಯಲ್. ಒಂದೇ ಹೆಸರು ಗೊತ್ತಿದ್ದರೆ ಅದನ್ನು ಕೊನೆಯ ಹೆಸರಿನ ಜಾಗದಲ್ಲೇ ಹಾಕಿ, ಮೊದಲಿನದು ಖಾಲಿ ಬಿಡಿ. ಅಷ್ಟಕ್ಕೆ ಮುಗಿಯಿತು.

ಧನಿಗಳ ಹತ್ತಿರ ಹೇಳಿದರೆ, "ಅವಳಿಗೆ ಸೋಮಾರಿತನ ಮಾರಾಯ್ರೆ" ಅಂದರು. ನನಗೆ ನಿಜಕ್ಕೂ ಸಿಟ್ಟು ಬಂತು. ದಿನಕ್ಕೆ ಅರವತ್ತು ಎಪ್ಪತ್ತು ಕರೆ ತೆಗೆಯುವ ಹುಡುಗಿ ಅವಳು. ಬೆಲೆ ಕೇಳಿದವರ ಹತ್ತಿರ ಹುಟ್ಟಿದ ದಿನ ಕೇಳಿದ್ದರೆ ಅವರು ಫೋನ್ ಇಟ್ಟು ಪಕ್ಕದ ಅಂಗಡಿಗೆ ಮಾಡುತ್ತಿದ್ದರು. ಅವಳು ಚುಕ್ಕಿ ಇಟ್ಟು ವ್ಯಾಪಾರ ಉಳಿಸಿದ್ದಾಳೆ.

ಖಾಲಿ ಜಾಗ ನೋಡಿದರೆ ಈ ಧನಿಗಳಿಗೆ ಯಾಕೆ ಅಷ್ಟು ಹೆದರಿಕೆಯೋ ಗೊತ್ತಿಲ್ಲ. ಸಾವಿರ ಗಿರಾಕಿಗಳಲ್ಲಿ ಮುನ್ನೂರು ಜನರ ಪಿನ್‌ಕೋಡ್ ಮಾತ್ರ ತುಂಬಿದೆ ಅಂತಿಟ್ಟುಕೊಳ್ಳಿ. ಆ ಮುನ್ನೂರು ಹೆಚ್ಚು ಕಡಿಮೆ ನಿಜ ಇರುತ್ತದೆ. ಉಳಿದ ಏಳ್ನೂರು ನಮಗೆ ಗೊತ್ತಿಲ್ಲ ಅನ್ನುವುದು ಗೊತ್ತಿರುತ್ತದೆ. ಬೇಕಿದ್ದರೆ ಒಂದು ದಿನ ಕೂತು ಫೋನ್ ಮಾಡಿ ಕೇಳಬಹುದು. ಅದೇ ಕಡ್ಡಾಯ ಮಾಡಿದಿರಿ ಅಂದರೆ ಸಾವಿರವೂ ತುಂಬಿರುತ್ತದೆ. ಅದರಲ್ಲಿ ಯಾವುದು ನಿಜ, ಯಾವುದು ಚುಕ್ಕಿಯ ಅಣ್ಣ ಅಂತ ಹೇಳಲು ಬ್ರಹ್ಮನಿಗೂ ಆಗುವುದಿಲ್ಲ. ಹಂಪನಕಟ್ಟೆಯಲ್ಲಿ ನಿಜವಾಗಿ ಇರುವ ಗಿರಾಕಿಯೂ ಆ ರಾಶಿಯಲ್ಲೇ ಮುಳುಗಿ ಹೋಗುತ್ತಾನೆ. ಸುಳ್ಳನ್ನು ಆಮೇಲೆ ಹೆಕ್ಕಿ ತೆಗೆಯುವ ಉಪಾಯ ನನ್ನ ಹತ್ತಿರ ಇಲ್ಲ. ಇದೆ ಅನ್ನುವವರು ಬಿಲ್ ಮಾತ್ರ ಚೆನ್ನಾಗಿ ಕಳಿಸುತ್ತಾರೆ.

ನನ್ನ ಅಜ್ಜಿಮನೆ ಉಡುಪಿ ಹತ್ತಿರ. ಅಜ್ಜಿ ಬೀಡಿ ಕಟ್ಟುತ್ತಿದ್ದರು. ಸಂಜೆ ಪಿಗ್ಮಿಯವರು, ಅಂದರೆ ದಿನದ ಉಳಿತಾಯದ ಹಣ ಕೂಡಿಸುವವರು, ಬರುತ್ತಿದ್ದರು. ಪಿಗ್ಮಿ ಹುಟ್ಟಿದ್ದೇ ನಮ್ಮೂರಲ್ಲಿ ಅಲ್ವಾ. 1925ರಲ್ಲಿ ಉಡುಪಿಯಲ್ಲಿ ಶುರುವಾಗಿ ಆಮೇಲೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಇದನ್ನು ತಂದಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿ ಹೋಯಿತು. ನನಗೆ ನೆನಪಿರುವುದು ಅಜ್ಜಿಯ ಬೀಡಿ ಕಟ್ಟುವ ತಡ್ಪೆಯ (ಮೊರದ) ಕೆಳಗೆ ಇರುತ್ತಿದ್ದ ಆ ಕಾರ್ಡು. ತಾರೀಕು, ಮೊತ್ತ, ಸಹಿ. ಅಷ್ಟೇ. ಪಿಗ್ಮಿಯವರಿಗೆ ಅಜ್ಜಿಯ ಮಂಡಿನೋವಿನಿಂದ ಹಿಡಿದು ಚಿಕ್ಕಮ್ಮನ ಮದುವೆ ಮಾತುಕತೆವರೆಗೆ ಎಲ್ಲ ಗೊತ್ತಿತ್ತು. ಆದರೆ ಅದಕ್ಕೆ ಕಾರ್ಡಿನಲ್ಲಿ ಕಾಲಂ ಇರಲಿಲ್ಲ. ಮದುವೆ ನಿಶ್ಚಯವಾಗಿ ಹಣ ತೆಗೆಯುವ ಹೊತ್ತು ಬಂದಾಗ ಬೇರೆ ಫಾರಂ ತಂದರು, ಆಗ ಕೇಳಬೇಕಾದ್ದನ್ನು ಆಗ ಕೇಳಿದರು.

ನಾನು ಮಾಡಿಕೊಡುವುದೂ ಹೆಚ್ಚು ಕಡಿಮೆ ಅದನ್ನೇ. ಮೊದಲ ಕರೆಗೆ ಹೆಸರು, ಫೋನ್ ನಂಬರ್, ಏನು ಬೇಕು. ಸೈಟ್ ನೋಡಲು ಹೋಗುವಾಗ ಊರು ಹೇಗೂ ಬೇಕು, ಇಲ್ಲದಿದ್ದರೆ ಗಾಡಿ ಎಲ್ಲಿಗೆ ಹೋಗುವುದು? ಆ ಹಂತದಲ್ಲಿ ಅದನ್ನು ಕಡ್ಡಾಯ ಮಾಡಿ, ಯಾರೂ ಸುಳ್ಳು ಬರೆಯುವುದಿಲ್ಲ. ಬರೆದರೆ ಮಳೆಯಲ್ಲಿ ಸುತ್ತುವವರು ಅವರೇ. ಕೊಟೇಶನ್ ಹಂತಕ್ಕೆ ಮೊತ್ತ. ಜೋಹೋದಲ್ಲಿ ಬ್ಲೂಪ್ರಿಂಟ್ ಅಂತ ಒಂದು ಸೌಲಭ್ಯ ಉಂಟು, ಒಂದು ಹಂತದಿಂದ ಮುಂದಿನದಕ್ಕೆ ದಾಟುವಾಗ ಮಾತ್ರ ಇಂತಿಂಥದ್ದು ತುಂಬಿಸಿ ಅನ್ನುತ್ತದೆ. ಸೇಲ್ಸ್‌ಫೋರ್ಸ್‌ನಲ್ಲಿ ವ್ಯಾಲಿಡೇಷನ್ ರೂಲ್, ಅಂದರೆ ತುಂಬಿಸಿದ್ದು ಸರಿಯಿಲ್ಲದಿದ್ದರೆ ತಡೆಯುವ ನಿಯಮ, ಬರೆದು ಇದನ್ನೇ ಮಾಡಬಹುದು. ನಿಮ್ಮ ಪ್ಲಾನಿನಲ್ಲಿ ಯಾವ ಸೌಲಭ್ಯ ಎಷ್ಟು ಸಿಗುತ್ತದೆ ಅಂತ ಮೊದಲು ನೋಡಿಕೊಳ್ಳಿ, ಎಲ್ಲ ಪ್ಲಾನಿನಲ್ಲೂ ಒಂದೇ ರೀತಿ ಇರುವುದಿಲ್ಲ.

ರೂಲ್ ಅಂದ ಕೂಡಲೇ ನೆನಪಾಯಿತು. ಫೋನ್ ನಂಬರ್ ಹತ್ತು ಅಂಕಿಯೇ ಇರಬೇಕು ಅಂತ ಒಬ್ಬರು ಹಟ ಹಿಡಿದು ರೂಲ್ ಹಾಕಿಸಿದ್ದರು, ನನ್ನಿಂದಲ್ಲ, ನನಗಿಂತ ಮೊದಲು ಇದ್ದವರಿಂದ. ಉಡುಪಿ ಕಡೆಯ ಅಂಗಡಿ. ಇಲ್ಲಿ ಮನೆ ಕಟ್ಟಿಸುವವರಲ್ಲಿ ಎಷ್ಟು ಜನ ಗಲ್ಫ್‌ನಲ್ಲಿ ಇದ್ದಾರೆ ಅಂತ ನಾನು ಹೇಳಬೇಕಾ? ದುಬೈ ಮೊಬೈಲ್ ನಂಬರ್‌ಗೆ 971 ಬಿಟ್ಟರೆ ಒಂಬತ್ತು ಅಂಕಿ. ಕುವೈತ್‌ಗೆ 965 ಬಿಟ್ಟರೆ ಎಂಟು. ಸೇವ್ ಆಗುವುದಿಲ್ಲ. ಸೇಲ್ಸ್ ಹುಡುಗ ಏನು ಮಾಡಿದ? ತನ್ನದೇ ನಂಬರ್ ಹಾಕಿದ. ಮುಂದೆ ಅಂಗಡಿಯ ವಾಟ್ಸಾಪ್ ಸಂದೇಶ ಎಲ್ಲ ಅವನಿಗೇ ಬರತೊಡಗಿತು. ಹಬ್ಬದ ಶುಭಾಶಯ ಒಂದೇ ಬೆಳಗ್ಗೆ ನಲವತ್ತು ಸಲ. ಅವನು ಕೆಲಸ ಬಿಟ್ಟು ಹೋದಾಗ ಆ ನಲವತ್ತು ಗಿರಾಕಿಗಳೂ ಅವನ ಜೇಬಿನಲ್ಲೇ ಹೋದರು.

ಕಟ್ಟುನಿಟ್ಟು ಎಲ್ಲೂ ಬೇಡ ಅಂತ ನಾನು ಹೇಳುತ್ತಿಲ್ಲ. ಜಿಎಸ್‌ಟಿ ನಂಬರ್ ನೋಡಿ. ಹದಿನೈದು ಅಕ್ಷರ, ಮೊದಲ ಎರಡು ರಾಜ್ಯದ ಕೋಡ್, ಮುಂದಿನ ಹತ್ತು ಪ್ಯಾನ್. ಬಿಲ್ ಮಾಡುವಾಗ ಅದು ತಪ್ಪಾದರೆ ತಲೆನೋವು. ಅಲ್ಲಿ ರೂಲ್ ಹಾಕಲೇಬೇಕು. ಆದರೆ ಅಲ್ಲೂ ಒಬ್ಬರು 'ಕರ್ನಾಟಕದ 29ರಿಂದಲೇ ಶುರುವಾಗಬೇಕು' ಅಂತ ಬರೆದಿದ್ದರು. ಮಂಜೇಶ್ವರ, ಕಾಸರಗೋಡಿನ ವ್ಯಾಪಾರಿಗಳು ಮಂಗಳೂರಿಗೆ ಬಂದು ಕೊಳ್ಳುವುದಿಲ್ಲವಾ? ಅವರದ್ದು ಕೇರಳ, 32.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಸೇಲ್ಸ್‌ಫೋರ್ಸ್‌ನಲ್ಲಿ ಕಡ್ಡಾಯ ಮಾಡಲು ಎರಡು ದಾರಿ ಉಂಟು. ಸ್ಕ್ರೀನಿನ ಲೇಔಟ್‌ನಲ್ಲಿ ಮಾಡಿದರೆ ಆ ಸ್ಕ್ರೀನಿನಲ್ಲಿ ತುಂಬಿಸುವವರಿಗೆ ಮಾತ್ರ. ಫೀಲ್ಡ್‌ನಲ್ಲೇ ಮಾಡಿದರೆ ಎಲ್ಲ ಬಾಗಿಲಿಗೂ. ಎಕ್ಸೆಲ್‌ನಿಂದ ಇಂಪೋರ್ಟ್ ಮಾಡಿದರೂ, ವೆಬ್‌ಸೈಟ್ ಫಾರಂನಿಂದ ಬಂದರೂ ತಡೆಯುತ್ತದೆ. ಒಂದು ಕಡೆ 'ಉದ್ಯೋಗ' ಅನ್ನುವ ಫೀಲ್ಡ್ ಹೀಗೆ ಕಡ್ಡಾಯ ಆಯಿತು. ವೆಬ್‌ಸೈಟ್ ಫಾರಂನಲ್ಲಿ ಆ ಪ್ರಶ್ನೆ ಇರಲೇ ಇಲ್ಲ. ಮೂರು ವಾರ ಒಂದು ಎನ್‌ಕ್ವಯರಿಯೂ ಒಳಗೆ ಬರಲಿಲ್ಲ. "ಸೀಸನ್ ಡಲ್" ಅಂದುಕೊಂಡು ಕೂತಿದ್ದರು. ತಪ್ಪಾಗಿದೆ ಅಂತ ಮೇಲ್ ಬರುತ್ತಲೇ ಇತ್ತು, ಹಿಂದಿನ ವರ್ಷ ಕೆಲಸ ಬಿಟ್ಟವನ ಇನ್‌ಬಾಕ್ಸ್‌ಗೆ.

ಡ್ರಾಪ್‌ಡೌನ್, ಅಂದರೆ ಪಟ್ಟಿಯಿಂದ ಆರಿಸುವ ಹಾಗೆ, ಮಾಡಿದರೆ ಸುಳ್ಳು ನಿಲ್ಲುತ್ತದೆ ಅಂತ ಕೆಲವರು ಹೇಳುತ್ತಾರೆ. ನಿಲ್ಲುವುದಿಲ್ಲ, ಕಾಗುಣಿತ ಸರಿಯಾಗುತ್ತದೆ ಅಷ್ಟೇ. ನಮ್ಮ ಸೋಲಾರ್ ಧನಿಗಳ ಕತೆಯೇ ಹೇಳುತ್ತೇನೆ. ವ್ಯಾಪಾರ ತಪ್ಪಿದರೆ ಕಾರಣ ಕೊಡುವುದು ಕಡ್ಡಾಯ. ಪಟ್ಟಿಯಲ್ಲಿ ಇದ್ದದ್ದು: ಬೆಲೆ ಜಾಸ್ತಿ, ಬೇರೆ ಕಡೆ ಕೊಂಡರು, ಸರ್ವೀಸ್ ಸರಿಯಿಲ್ಲ, ಇತರೆ. ಪ್ರತಿ ಜುಲೈ ಆಗಸ್ಟ್‌ನಲ್ಲಿ 'ಬೆಲೆ ಜಾಸ್ತಿ' ಉಕ್ಕುತ್ತಿತ್ತು. ಅದನ್ನು ನೋಡಿ ಧನಿಗಳು ಎರಡು ವರ್ಷ ಜುಲೈಯಲ್ಲಿ ಡಿಸ್ಕೌಂಟ್ ಕೊಟ್ಟರು. ಏನೂ ಆಗಲಿಲ್ಲ. ನಾನು ಸುಮ್ನೆ ಹುಡುಗರು ಬರೆದ ನೋಟ್ಸ್ ಓದುತ್ತಾ ಹೋದೆ. "ಆಟಿ ಕಳೀಲಿ ಅಂತಾರೆ." "ಮನೆ ಒಕ್ಕಲು ಸೋಣ ಬಂದ ಮೇಲೆ, ಆಗ ಫೋನ್ ಮಾಡಿ." "ಆಟಿ." "ಆಟಿ."

ಆಟಿ ಅಂದರೆ ಜುಲೈ ಆಗಸ್ಟ್‌ ಹೊತ್ತಿಗೆ ಬರುವ ತುಳು ತಿಂಗಳು, ಸೋಣ ಅದರ ಮುಂದಿನದು. ಆಟಿಯಲ್ಲಿ ಹೊಸ ಕೆಲಸ ಶುರು ಮಾಡುವುದಿಲ್ಲ ಅಂತ ಇಲ್ಲಿ ಮಗುವಿಗೂ ಗೊತ್ತು. ಪಟ್ಟಿ ಮಾಡಿದವರು ಎಲ್ಲಿಯವರೋ. ಹುಡುಗರಿಗೆ ಸರಿಯಾದ ಉತ್ತರ ಪಟ್ಟಿಯಲ್ಲಿ ಸಿಗಲಿಲ್ಲ, ಮೊದಲನೆಯದನ್ನೇ ಒತ್ತಿದರು. ಜುಲೈ ಮಳೆಯಲ್ಲಿ ಸೋಲಾರ್ ಬಗ್ಗೆ ಯೋಚಿಸುವವರೇ ಕಡಿಮೆ ಅನ್ನುವುದೂ ಹೌದು, ಎಲ್ಲ ಆಟಿಯ ತಲೆಗೆ ಕಟ್ಟುವುದಿಲ್ಲ. ನಾವು ಮಾಡಿದ್ದು ಇಷ್ಟು: 'ಈಗ ಬೇಡ, ಆಮೇಲೆ' ಅಂತ ಒಂದು ಹಂತ ಸೇರಿಸಿದೆವು, ಅದರ ಜೊತೆ ಮತ್ತೆ ಫೋನ್ ಮಾಡುವ ತಾರೀಕು. ಆ ತಾರೀಕು ಕಡ್ಡಾಯ. ಅದನ್ನು ಯಾರೂ ಚುಕ್ಕಿ ಇಟ್ಟು ತಪ್ಪಿಸುವುದಿಲ್ಲ, ಯಾಕೆಂದರೆ ಆ ದಿನ ಬೆಳಗ್ಗೆ ನೆನಪಿಸಿದರೆ ಲಾಭ ಅವರಿಗೇ, ಇನ್ಸೆಂಟಿವ್ ಸಿಗುತ್ತದೆ.

ಕಾನೂನಿನ ಮಾತೂ ಒಂದು. ನಾನು ವಕೀಲಳಲ್ಲ, ನಿಮ್ಮ ವಕೀಲರನ್ನೋ ಲೆಕ್ಕಪರಿಶೋಧಕರನ್ನೋ ಕೇಳಿ. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಯ ಕಾಯ್ದೆ ಬಂದಿದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಹಂತ ಹಂತವಾಗಿ ಜಾರಿ. ಯಾವ ಕೆಲಸಕ್ಕೆ ಒಪ್ಪಿಗೆ ಕೇಳುತ್ತೀರೋ ಆ ಕೆಲಸಕ್ಕೆ ಬೇಕಾದಷ್ಟೇ ಮಾಹಿತಿ ಅನ್ನುವುದು ಅದರ ಒಂದು ಮುಖ್ಯ ಮಾತು. ಕಾಯ್ದೆಯಲ್ಲೇ ಉದಾಹರಣೆ ಉಂಟು: ಫೋನಿನಲ್ಲಿ ವೈದ್ಯರನ್ನು ಕಾಣುವ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ ಪಟ್ಟಿಯನ್ನೂ ಕೇಳಿದರೆ, ನೀವು ಹೂಂ ಅಂದಿದ್ದರೂ ಆ ಒಪ್ಪಿಗೆ ಪಟ್ಟಿಗೆ ಅನ್ವಯಿಸುವುದಿಲ್ಲ. ನೀರು ಬಿಸಿ ಮಾಡುವ ಹೀಟರ್‌ಗೆ ಗಿರಾಕಿಯ ಹುಟ್ಟಿದ ದಿನ ಯಾಕೆ ಅಂತ ನಾಳೆ ಯಾರಾದರೂ ಕೇಳಿದರೆ ಏನು ಹೇಳುತ್ತೀರಿ?

ಹದಿನೇಳರಲ್ಲಿ ಹದಿನಾಲ್ಕರ ಕೆಂಪು ಗುರುತು ತೆಗೆದೆ. ಧನಿಗಳು ಒಂದು ತಿಂಗಳು ಮುಖ ಊದಿಸಿಕೊಂಡಿದ್ದರು. "ಎಲ್ಲ ಖಾಲಿ ಖಾಲಿ ಕಾಣ್ತದೆ ಮೇಡಂ." ಆಮೇಲೆ ಒಂದು ಶನಿವಾರ ಆ ಕೌಂಟರ್‌ನ ಹುಡುಗಿ ತಾನಾಗಿ ಖಾಲಿ ಪಿನ್‌ಕೋಡ್‌ಗಳ ಪಟ್ಟಿ ತೆಗೆದು, ಸರ್ವೀಸಿಗೆ ಹೋಗುವ ಹುಡುಗರ ಕೈಗೆ ಕೊಟ್ಟಳಂತೆ. ಅವರು ಹೋದ ಮನೆಯಲ್ಲಿ ಕೇಳಿಕೊಂಡು ಬಂದರು. ಅವರ ಶೀಟಿನ ಗಿರಾಕಿಗಳು ಜಾಸ್ತಿ ಇರುವುದು ಮೂಡಬಿದಿರೆ ಕಡೆ ಅಂತ ಈಗ ಕಾಣುತ್ತಿದೆ. ತುಂಬದ್ದು ಇನ್ನೂ ತುಂಬ ಉಂಟು, ಹಾಗಾಗಿ ಖಡಾಖಂಡಿತ ಹೇಳಲಾರೆ.

ಮೊನ್ನೆ ಮತ್ತೆ ಧನಿಗಳ ಫೋನ್. ಗಿರಾಕಿಗಳ ಮದುವೆಯ ವಾರ್ಷಿಕೋತ್ಸವಕ್ಕೆ ಒಂದು ಕಾಲಂ ಬೇಕಂತೆ, ಶುಭಾಶಯ ಕಳಿಸಲು. ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು, "ಕಡ್ಡಾಯ ಬೇಡ ಮಾರಾಯ್ರೆ, ಬೈಬೇಡಿ. ಸುಮ್ನೆ ಒಂದು ಬದಿಯಲ್ಲಿ ಇರ್ಲಿ."