ಸನ್ನದಿನ ತಿದ್ದುಪಡಿ ಮತ್ತು ವೀಟೊದ ಲೆಕ್ಕ

ಹದಿನೈದು ಸದಸ್ಯರ ಸಭೆಯೊಂದರಲ್ಲಿ ಪ್ರತಿಯೊಬ್ಬರೂ ಹೌದು ಅಥವಾ ಇಲ್ಲ ಎನ್ನಬಹುದಾದರೆ ಒಟ್ಟು 32,768 ಬಗೆಯ ಮತದಾನಗಳು ಸಾಧ್ಯ. ಲಘು-ಗುರುಗಳ ಪ್ರಸ್ತಾರ, ಅಂದರೆ ಸಾಧ್ಯವಿರುವ ಎಲ್ಲ ಜೋಡಣೆಗಳ ಪಟ್ಟಿ, ಹಾಕಿದವರಿಗೆ ಈ ಸಂಖ್ಯೆ ಹಳೆಯ ಪರಿಚಯ. ಹದಿನೈದು ಅಕ್ಷರಗಳ ಅತಿಶಕ್ವರಿ ಛಂದಸ್ಸಿನಲ್ಲಿ ಹುಟ್ಟಬಹುದಾದ ವೃತ್ತಗಳೂ ಇಷ್ಟೇ, ಮಾಲಿನಿ ಅವುಗಳಲ್ಲೊಂದು. ಸರಳ ಬಹುಮತದ ನಿಯಮವಿದ್ದರೆ ಇವುಗಳಲ್ಲಿ ಸರಿಯಾಗಿ ಅರ್ಧದಷ್ಟು, ಅಂದರೆ 16,384 ಸಂದರ್ಭಗಳಲ್ಲಿ ಪ್ರಸ್ತಾವ ಗೆಲ್ಲುತ್ತದೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿಯೂ ಸದಸ್ಯರು ಹದಿನೈದೇ. ಆದರೆ ಅಲ್ಲಿ ಗೆಲ್ಲುವ ಸಂದರ್ಭಗಳು 848 ಮಾತ್ರ. ಸುಮಾರು 39ರಲ್ಲಿ ಒಂದು.

ಕಾರಣ ವಿಶ್ವಸಂಸ್ಥೆಯ ಮೂಲ ಒಡಂಬಡಿಕೆಯಾದ ಸನ್ನದಿನ 27ನೆಯ ವಿಧಿಯಲ್ಲಿದೆ. ಕಾರ್ಯವಿಧಾನದ ಸಣ್ಣಪುಟ್ಟ ಸಂಗತಿಗಳನ್ನು ಬಿಟ್ಟರೆ ಮಂಡಳಿಯ ಯಾವುದೇ ತೀರ್ಮಾನಕ್ಕೆ ಒಂಬತ್ತು ಮತಗಳು ಬೇಕು, ಮತ್ತು ಆ ಒಂಬತ್ತರಲ್ಲಿ ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಎಂಬ ಐದು ಕಾಯಂ ಸದಸ್ಯರ ಸಮ್ಮತಿ ಸೇರಿರಬೇಕು. ಈ ಐವರಲ್ಲಿ ಒಬ್ಬರೇ ಒಪ್ಪದೆ ತೀರ್ಮಾನವನ್ನು ತಡೆಯಬಲ್ಲ ಅಧಿಕಾರವೇ ವೀಟೊ. ಐವರೂ ಒಪ್ಪಿದ ಮೇಲೆ ಉಳಿದ ಹತ್ತು ಮಂದಿಯಲ್ಲಿ ಕನಿಷ್ಠ ನಾಲ್ವರು ಬಂದರೆ ಸಾಕು. ಹತ್ತರಲ್ಲಿ ನಾಲ್ಕು ಅಥವಾ ಹೆಚ್ಚು ಮಂದಿಯನ್ನು ಆರಿಸುವ ದಾರಿಗಳು ಎಷ್ಟೆಂದು ಮೇರುಪ್ರಸ್ತಾರದ (ಪಾಸ್ಕಲ್ ತ್ರಿಕೋನದ) ಸಾಲೊಂದನ್ನು ನೋಡಿ ಕೂಡಿದರೆ 848 ಬರುತ್ತದೆ. ದಾವಣಗೆರೆಯ ಕಾಲೇಜೊಂದರಲ್ಲಿ ಗಣಿತದ ಪದವಿ ವಿದ್ಯಾರ್ಥಿಗಳೊಂದಿಗೆ ಇದನ್ನು ಹಲಗೆಯ ಮೇಲೆ ಬಿಡಿಸಿದಾಗ, ಲೆಕ್ಕಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಅದರ ಹಿಂದೆಯೇ ಬಂದ ಪ್ರಶ್ನೆ: ಇಷ್ಟು ಬಿಗಿಯಾದ ವೀಟೊ ನಿಯಮವನ್ನು ಎಂಬತ್ತು ವರ್ಷಗಳಲ್ಲಿ ಯಾರೂ ಏಕೆ ಬದಲಿಸಲಿಲ್ಲ?

ಸನ್ನದಿಗೆ ಸಹಿ ಬಿದ್ದದ್ದು 1945ರ ಜೂನ್ 26ರಂದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಆಗಿನ್ನೂ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತದ ಪರವಾಗಿ ಸಹಿ ಮಾಡಿದವರಲ್ಲಿ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಒಬ್ಬರು. ಮರುವರ್ಷ ಅವರು ಮೈಸೂರಿನ ದಿವಾನರಾದರು, ಆ ಸಂಸ್ಥಾನದ ಕೊನೆಯ ದಿವಾನರೂ ಆದರು. ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಅಂದಿನ ದಾವಣಗೆರೆಯ ಆಡಳಿತ ಹೀಗೆ ವಿಶ್ವಸಂಸ್ಥೆಯ ಸನ್ನದಿಗೆ ಸಹಿ ಹಾಕಿದ ಕೈಯಲ್ಲಿಯೇ ಇತ್ತು ಎಂಬುದು ನಮ್ಮ ಊರಿನಲ್ಲಿ ಅಷ್ಟಾಗಿ ಯಾರೂ ನೆನೆಯದ ಸಂಗತಿ. ಅಂದು ಮಂಡಳಿಯಲ್ಲಿ ಹನ್ನೊಂದು ಸ್ಥಾನಗಳಿದ್ದವು: ಐದು ಕಾಯಂ, ಆರು ಚುನಾಯಿತ, ಗೆಲ್ಲಲು ಏಳು ಮತ ಬೇಕಿತ್ತು.

ಮತದ ಸಂಖ್ಯೆ ಒಂದು, ಮತದ ಬಲ ಇನ್ನೊಂದು. ಈ ಎರಡನ್ನು ಬೇರ್ಪಡಿಸಿ ಅಳೆಯುವ ವಿಧಾನವನ್ನು 1954ರಲ್ಲಿ ಲಾಯ್ಡ್ ಶಾಪ್ಲಿ ಮತ್ತು ಮಾರ್ಟಿನ್ ಶುಬಿಕ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು ಮುಂದಿಟ್ಟರು. ಅವರ ಉಪಾಯ ಹೀಗಿದೆ. ಸದಸ್ಯರೆಲ್ಲ ಒಬ್ಬರ ಹಿಂದೊಬ್ಬರು ಬಂದು ಪ್ರಸ್ತಾವದ ಪರ ನಿಲ್ಲುತ್ತಾರೆ ಎಂದು ಭಾವಿಸಬೇಕು. ಸಾಲು ಬೆಳೆಯುತ್ತ ಹೋದಂತೆ ಯಾರೋ ಒಬ್ಬರು ಬಂದು ಸೇರಿದ ಕ್ಷಣದಲ್ಲಿ, ಅಲ್ಲಿಯವರೆಗೆ ಸೋಲುತ್ತಿದ್ದ ಪ್ರಸ್ತಾವ ಗೆಲ್ಲುತ್ತದೆ. ಆ ಸಾಲಿನ ಮಟ್ಟಿಗೆ ಅವರೇ ನಿರ್ಣಾಯಕರು. ಸಾಧ್ಯವಿರುವ ಎಲ್ಲ ಸಾಲುಗಳನ್ನೂ ಪರಿಶೀಲಿಸಿ, ಒಬ್ಬ ಸದಸ್ಯ ಎಷ್ಟು ಪಾಲು ಸಾಲುಗಳಲ್ಲಿ ನಿರ್ಣಾಯಕನಾಗುತ್ತಾನೋ ಅದೇ ಅವನ ಬಲ. ಹದಿನೈದು ಜನರನ್ನು ಸುಮಾರು 1.3 ಲಕ್ಷ ಕೋಟಿ ವಿಧಗಳಲ್ಲಿ ಸಾಲಾಗಿ ನಿಲ್ಲಿಸಬಹುದಾದ್ದರಿಂದ ಎಣಿಸುತ್ತ ಕೂರುವಂತಿಲ್ಲ, ಆದರೆ ಸೂತ್ರವೊಂದು ಆ ಕೆಲಸವನ್ನು ಎರಡು ಸಾಲುಗಳಲ್ಲಿ ಮುಗಿಸುತ್ತದೆ. ಚುನಾಯಿತ ಸದಸ್ಯನೊಬ್ಬ ನಿರ್ಣಾಯಕನಾಗಬೇಕಾದರೆ ಐವರು ಕಾಯಂ ಸದಸ್ಯರೂ ಅವನಿಗಿಂತ ಮುಂಚೆಯೇ ಬಂದು ನಿಂತಿರಬೇಕು, ಮತ್ತು ಅವನದು ಬೇಕಾದ ಮತಗಳಲ್ಲಿ ಕೊನೆಯದೇ ಆಗಿರಬೇಕು. ಅಂಥ ಸಾಲುಗಳು ಬಹಳ ಅಪರೂಪ.

ಶಾಪ್ಲಿ ಮತ್ತು ಶುಬಿಕ್ ತಮ್ಮ ಲೇಖನದಲ್ಲಿಯೇ ಅಂದಿನ ಭದ್ರತಾ ಮಂಡಳಿಯನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದರು. ಬಂದ ಉತ್ತರ: ಐದು ಕಾಯಂ ಸದಸ್ಯರ ಒಟ್ಟು ಬಲ ಶೇ 98.7; ಉಳಿದ ಆರು ಸದಸ್ಯರೆಲ್ಲರದೂ ಸೇರಿ ಶೇ 1.3.

ಈ ಅಂಕಿಯನ್ನು ಕೈಯಲ್ಲಿ ಹಿಡಿದು 1963ರ ತಿದ್ದುಪಡಿಯನ್ನು ನೋಡಬೇಕು. 51 ದೇಶಗಳಿಂದ ಆರಂಭವಾದ ಸಂಸ್ಥೆಯ ಸದಸ್ಯತ್ವ ಆಫ್ರಿಕ ಮತ್ತು ಏಷ್ಯಾದ ದೇಶಗಳು ಸ್ವತಂತ್ರವಾದಂತೆ ಅಷ್ಟರಲ್ಲಿ 110ನ್ನು ದಾಟಿತ್ತು. ಡಿಸೆಂಬರ್ 17ರಂದು, ಎಲ್ಲ ಸದಸ್ಯ ದೇಶಗಳೂ ಕೂಡುವ ಮಹಾಸಭೆ ಮಂಡಳಿಯ ಚುನಾಯಿತ ಸ್ಥಾನಗಳನ್ನು ಆರರಿಂದ ಹತ್ತಕ್ಕೆ, ಬೇಕಾದ ಮತಗಳನ್ನು ಏಳರಿಂದ ಒಂಬತ್ತಕ್ಕೆ ಏರಿಸುವ ನಿರ್ಣಯವನ್ನು ಅಂಗೀಕರಿಸಿತು. ಆ ದಿನದ ಮತದಾನದಲ್ಲಿ ಸೋವಿಯತ್ ಒಕ್ಕೂಟ ಮತ್ತು ಫ್ರಾನ್ಸ್ ವಿರುದ್ಧವಾಗಿ ಮತ ಹಾಕಿದವು, ಅಮೆರಿಕ ಮತ್ತು ಬ್ರಿಟನ್ ತಟಸ್ಥವಾಗಿ ಉಳಿದವು. ಐವರಲ್ಲಿ ಪರವಾಗಿ ನಿಂತದ್ದು ಆಗ ಚೀನಾದ ಸ್ಥಾನದಲ್ಲಿ ಕುಳಿತಿದ್ದ ತೈವಾನಿನ ತೈಪೆಯ ಸರ್ಕಾರವೊಂದೇ. ಹಾಗಿದ್ದೂ 1965ರ ಆಗಸ್ಟ್ 31ರ ಹೊತ್ತಿಗೆ ಐದೂ ದೇಶಗಳು ಅದನ್ನು ಅನುಮೋದಿಸಿದ್ದವು. ಹೊಸದಾಗಿ ಸ್ವತಂತ್ರವಾದ ಅಷ್ಟೊಂದು ದೇಶಗಳ ಸ್ನೇಹಕ್ಕಾಗಿ ಎರಡು ಬಣಗಳೂ ಪೈಪೋಟಿ ನಡೆಸುತ್ತಿದ್ದ ಶೀತಲ ಸಮರದ ಕಾಲದಲ್ಲಿ, ಅವರ ಬೇಡಿಕೆಗೆ ಅಡ್ಡ ನಿಂತ ಕೊನೆಯ ದೇಶವೆಂಬ ಹೆಸರು ಯಾರಿಗೂ ಬೇಕಿರಲಿಲ್ಲ ಎಂದು ನಾನು ಭಾವಿಸುತ್ತೇನೆ.

ಗಣಿತದ ದೃಷ್ಟಿಯಿಂದ ಅವರು ಕಳೆದುಕೊಂಡದ್ದೂ ಅಷ್ಟರಲ್ಲೇ ಇತ್ತು. ಹೊಸ ಮಂಡಳಿಯಲ್ಲಿ ಐವರ ಒಟ್ಟು ಬಲ ಶೇ 98.1. ನಾಲ್ಕು ಹೊಸ ಕುರ್ಚಿಗಳನ್ನು ಹಾಕಿದ ಮೇಲೆ ಅಧಿಕಾರ ಕದಲಿದ್ದು ಶೇಕಡಾ ಅರ್ಧಕ್ಕಿಂತ ತುಸು ಹೆಚ್ಚು.

ಅವಸರದಲ್ಲಿ ಆ ತಿದ್ದುಪಡಿ ಒಂದು ಕಡೆ ಕೈತಪ್ಪಿತ್ತು. ಸನ್ನದಿನ ಪುನರ್ವಿಮರ್ಶೆಗಾಗಿ ಸಮ್ಮೇಳನ ಕರೆಯುವ 109ನೆಯ ವಿಧಿಯಲ್ಲಿ ಮಂಡಳಿಯ ಯಾವುದೇ ಏಳು ಮತ ಸಾಕೆಂಬ ಹಳೆಯ ಲೆಕ್ಕವೇ ಉಳಿದುಹೋಗಿ, ಅದನ್ನು ಒಂಬತ್ತು ಮಾಡಲು 1965ರಲ್ಲಿ ಮತ್ತೊಂದು ತಿದ್ದುಪಡಿ ಮಾಡಬೇಕಾಯಿತು. ಅದು ಜಾರಿಗೆ ಬಂದದ್ದು 1968ರಲ್ಲಿ. ಅದೇ ವಿಧಿಯ ಮೂರನೆಯ ಉಪವಿಧಿಯಲ್ಲಿ ಇವತ್ತಿಗೂ ಏಳು ಎಂದೇ ಇದೆ. ಕಾಯಂ ಸದಸ್ಯರನ್ನು ಹೆಸರಿಸುವ 23ನೆಯ ವಿಧಿಯಲ್ಲಿ ಸೋವಿಯತ್ ಒಕ್ಕೂಟ ಇನ್ನೂ ಬದುಕಿದೆ. ಎರಡನೆಯ ಮಹಾಯುದ್ಧದ ಶತ್ರುರಾಷ್ಟ್ರಗಳ ಕುರಿತ ಮಾತುಗಳು ಅನ್ವಯ ಕಳೆದುಕೊಂಡಿವೆ ಎಂದು ಮಹಾಸಭೆ 1995ರಲ್ಲಿಯೇ ಹೇಳಿದ್ದರೂ ಪಠ್ಯದಿಂದ ಅವು ಹೋಗಿಲ್ಲ. 1994ರಲ್ಲಿ ಪಲಾವ್ ಸ್ವತಂತ್ರವಾದ ಮೇಲೆ ಕೆಲಸವಿಲ್ಲದೆ ನಿಂತ, ಇನ್ನೂ ಸ್ವತಂತ್ರವಾಗದ ಪಾಲನಾ ಪ್ರದೇಶಗಳ ಮೇಲ್ವಿಚಾರಣೆಯ ಟ್ರಸ್ಟೀಶಿಪ್ ಮಂಡಳಿಗೆ ಒಂದು ಇಡೀ ಅಧ್ಯಾಯವೇ ಮೀಸಲಾಗಿದೆ.

ಯಾರಿಗೂ ಬೇಡವಾದ ಸಾಲುಗಳನ್ನು ತೆಗೆಯುವುದೂ ಇಷ್ಟು ಕಷ್ಟವಾಗಲು 108ನೆಯ ವಿಧಿ ಕಾರಣ. ತಿದ್ದುಪಡಿಯನ್ನು ಮಹಾಸಭೆಯ ಮೂರನೇ ಎರಡರಷ್ಟು ಸದಸ್ಯರು ಅಂಗೀಕರಿಸಬೇಕು; ಆ ಬಳಿಕ ಅಷ್ಟೇ ಸಂಖ್ಯೆಯ ದೇಶಗಳು, ಅಂದರೆ ಇಂದಿನ 193ರಲ್ಲಿ 129, ತಂತಮ್ಮ ಸಂವಿಧಾನದ ಪ್ರಕಾರ ಅನುಮೋದಿಸಬೇಕು; ಆ 129ರಲ್ಲಿ ಐದೂ ಕಾಯಂ ಸದಸ್ಯರಿರಬೇಕು. ನಮ್ಮ ಸಹಕಾರ ಸಂಘಗಳ ಸರ್ವಸದಸ್ಯರ ಸಭೆಯಲ್ಲಿ ಬೈಲಾ ತಿದ್ದುಪಡಿಗೆ ಎಷ್ಟೇ ಕೈಗಳು ಎದ್ದರೂ ನಿಬಂಧಕರು ನೋಂದಾಯಿಸುವ ತನಕ ಅದಕ್ಕೆ ಬೆಲೆಯಿಲ್ಲ. ವಿಶ್ವಸಂಸ್ಥೆಯೆಂಬ ಸಂಘಕ್ಕೆ ಅಂಥ ನಿಬಂಧಕರು ಐವರು, ಐವರೂ ಅದೇ ಸಂಘದ ಸದಸ್ಯರು, ಮತ್ತು ತಿದ್ದುಪಡಿಯಿಂದ ಪಾಲು ಕಡಿಮೆಯಾಗುವುದೂ ಅವರದೇ.

ಇದು ಸನ್ನದು ಬರೆದವರಿಗೆ ತಿಳಿಯದ್ದಲ್ಲ. ಸಣ್ಣ ದೇಶಗಳ ಅಸಮಾಧಾನವನ್ನು ಶಮನಗೊಳಿಸಲೆಂದೇ, ಹತ್ತನೆಯ ವಾರ್ಷಿಕ ಅಧಿವೇಶನದೊಳಗೆ ಪುನರ್ವಿಮರ್ಶೆಯ ಸಮ್ಮೇಳನ ನಡೆಯದಿದ್ದರೆ ಆ ಪ್ರಸ್ತಾವ ತಾನಾಗಿ ಕಾರ್ಯಸೂಚಿಗೆ ಬರಬೇಕು ಎಂದು 109ನೆಯ ವಿಧಿಯಲ್ಲಿ ಸೇರಿಸಿದ್ದರು. ಬಂತು ಕೂಡ. 1955ರಲ್ಲಿ ಮಹಾಸಭೆ ಸೂಕ್ತ ಸಮಯದಲ್ಲಿ ಸಮ್ಮೇಳನ ನಡೆಸುವುದೆಂದು ತೀರ್ಮಾನಿಸಿತು. ಆ ಸೂಕ್ತ ಸಮಯ ಇನ್ನೂ ಬಂದಿಲ್ಲ. 1975ರಿಂದ ಸನ್ನದಿನ ಪರಿಶೀಲನೆ ಮತ್ತು ಸಂಸ್ಥೆಯ ಪಾತ್ರದ ಬಲವರ್ಧನೆಗೆಂದು ವಿಶೇಷ ಸಮಿತಿಯೊಂದು ಕೆಲಸ ಮಾಡುತ್ತಿದೆ. ವಿವಾದಗಳ ಶಾಂತಿಯುತ ಇತ್ಯರ್ಥದ ಬಗ್ಗೆ 1982ರ ಮನಿಲಾ ಘೋಷಣೆಯಂಥ ಒಳ್ಳೆಯ ದಾಖಲೆಗಳು ಅದರ ಶ್ರಮದಿಂದ ಬಂದಿವೆ. ಸರ್ವಸಮ್ಮತಿಯಿಂದ ನಡೆಯುವ ಸಮಿತಿಯಾದ್ದರಿಂದ 27ನೆಯ ವಿಧಿಯನ್ನು ಅದು ಮುಟ್ಟುವ ಸಂಭವ ಕಡಿಮೆ.

ಮಹಾಸಭೆಯ ಲೆಕ್ಕವೂ ಪೂರ್ತಿ ನೇರವಾಗಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ದೇಶಕ್ಕೊಂದು ಮತ, ಸುಮಾರು 11 ಸಾವಿರ ಜನರ ತುವಾಲುಗೂ ಒಂದು, 140 ಕೋಟಿಯ ಭಾರತಕ್ಕೂ ಒಂದು. ದಾವಣಗೆರೆ ಮಹಾನಗರ ಪಾಲಿಕೆಯ 45 ವಾರ್ಡುಗಳಿಗೆ 2011ರ ಜನಗಣತಿಯ ಸಂಖ್ಯೆಯನ್ನು ಹಂಚಿದರೆ ಸರಾಸರಿ ವಾರ್ಡಿಗೆ ಹತ್ತು ಸಾವಿರಕ್ಕೆ ತುಸು ಕಡಿಮೆ ಬರುತ್ತದೆ, ಅಂದರೆ ತುವಾಲು ನಮ್ಮ ಒಂದು ವಾರ್ಡಿನಷ್ಟು. ಹಾಗೆಂದು ಜನಸಂಖ್ಯೆಗೆ ತಕ್ಕಂತೆ ಮತ ಕೊಟ್ಟರೆ ಎರಡು ಮೂರು ದೇಶಗಳೇ ಸಭೆಯನ್ನು ಆಳುತ್ತವೆ. ಬ್ರಿಟನ್ನಿನ ಲಯನೆಲ್ ಪೆನ್ರೋಸ್ 1946ರಲ್ಲಿ ಜನಸಂಖ್ಯೆಯ ವರ್ಗಮೂಲಕ್ಕೆ ತಕ್ಕ ಮತವೇ ನ್ಯಾಯವೆಂದು ಸಂಖ್ಯಾಶಾಸ್ತ್ರದ ಮೂಲಕ ತೋರಿಸಿದರು. ಆ ಪ್ರಕಾರ ಭಾರತದ ಮತ ತುವಾಲುವಿನ ಸುಮಾರು 350 ಪಟ್ಟು ಆಗುತ್ತಿತ್ತು. ಸುಂದರವಾದ ವಾದ, ಆದರೆ ಸನ್ನದಿನ ಹತ್ತಿರಕ್ಕೆ ಸುಳಿಯಲಿಲ್ಲ.

ಈಗ ನಮ್ಮವರ ನೆಚ್ಚಿನ ಬೇಡಿಕೆಗೆ ಬರೋಣ. 2005ರಲ್ಲಿ ಭಾರತ, ಜಪಾನ್, ಜರ್ಮನಿ ಮತ್ತು ಬ್ರೆಜಿಲ್ ಸೇರಿ ಮಂಡಳಿಯನ್ನು 25 ಸದಸ್ಯರಿಗೆ ವಿಸ್ತರಿಸುವ, ಅದರಲ್ಲಿ ಆರು ಹೊಸ ಕಾಯಂ ಸ್ಥಾನಗಳನ್ನು ಸೃಷ್ಟಿಸುವ ಪ್ರಸ್ತಾವ ತಂದವು. ಹೊಸ ಕಾಯಂ ಸದಸ್ಯರು ಹದಿನೈದು ವರ್ಷಗಳ ನಂತರದ ಪರಿಶೀಲನೆಯ ತನಕ ವೀಟೊ ಬಳಸುವುದಿಲ್ಲ ಎಂಬ ಷರತ್ತೂ ಅದರಲ್ಲಿತ್ತು. ವೀಟೊ ಇಲ್ಲದ ಕಾಯಂ ಸ್ಥಾನ ಎಂದೊಡನೆ ತರಗತಿಯಲ್ಲಿ ಅಸಮಾಧಾನದ ಗುಜುಗುಜು ಎದ್ದಿತು. ಹಾಗಾಗಿ ಎರಡೂ ಲೆಕ್ಕಗಳನ್ನು ಮಾಡಿದೆವು. 25ರಲ್ಲಿ 14 ಮತ ಬೇಕೆಂದು ಇಟ್ಟುಕೊಂಡರೆ, ಹಳೆಯ ಐವರಿಗೆ ಮಾತ್ರ ವೀಟೊ ಇದ್ದಾಗ 43ರಲ್ಲಿ ಒಂದು ಸಂದರ್ಭದಲ್ಲಿ ಪ್ರಸ್ತಾವ ಗೆಲ್ಲುತ್ತದೆ, ಇಂದಿಗಿಂತ ಬಹಳ ಕೆಟ್ಟದ್ದೇನಲ್ಲ. ಹನ್ನೊಂದು ಮಂದಿಗೂ ವೀಟೊ ಕೊಟ್ಟರೆ ಅದು ಸುಮಾರು 2,060ರಲ್ಲಿ ಒಂದಕ್ಕೆ ಇಳಿಯುತ್ತದೆ. ಭಾರತದ ಬಲ ಮೊದಲ ಬಗೆಯಲ್ಲಿ ಶೇ 0.12, ಎರಡನೆಯದರಲ್ಲಿ ಶೇ 9.09. ಸಿಹಿ ಸುದ್ದಿಯೇ, ಆದರೆ ಆಗ ಉಳಿದ ಹದಿನಾಲ್ಕು ಚುನಾಯಿತ ಸದಸ್ಯರೆಲ್ಲರ ಒಟ್ಟು ಬಲ ಈಗಿನ ಶೇ 1.9ರಿಂದ ಶೇ 0.002ರ ಆಸುಪಾಸಿಗೆ, ಹೆಚ್ಚುಕಡಿಮೆ ಸಾವಿರದ ಒಂದು ಪಾಲಿಗೆ ಕುಸಿಯುತ್ತದೆ. ಎಂಟು ಬಾರಿ ಚುನಾಯಿತ ಸದಸ್ಯನಾಗಿ ಆ ಬೆಂಚಿನಲ್ಲಿ ಕುಳಿತು ಬಂದ ದೇಶ ಈ ಬೆಲೆಯನ್ನು ತಿಳಿದೇ ಕೇಳಬೇಕು ಎಂಬುದು ನನ್ನ ಅನಿಸಿಕೆ.

ಈ ಮಾದರಿ ಪ್ರತಿ ಮತವನ್ನೂ ನಾಣ್ಯ ಚಿಮ್ಮಿದಂತೆ ಭಾವಿಸುತ್ತದೆ. ನಿಜವಾದ ದೇಶಗಳು ಹಾಗೆ ಮತ ಹಾಕುವುದಿಲ್ಲ. ಇನ್ನೊಂದು ಕೊರತೆ ಹೆಚ್ಚು ಕುತೂಹಲಕರ. 27ನೆಯ ವಿಧಿಯ ಅಕ್ಷರಶಃ ಅರ್ಥದಲ್ಲಿ ಕಾಯಂ ಸದಸ್ಯ ಒಪ್ಪಲೇಬೇಕು, ಸುಮ್ಮನಿದ್ದರೆ ಸಾಲದು. ಆದರೆ ಮೊದಲ ವರ್ಷಗಳಿಂದಲೇ ತಟಸ್ಥವಾಗಿ ಉಳಿಯುವುದನ್ನು ವೀಟೊ ಎಂದು ಎಣಿಸದ ರೂಢಿ ಬೆಳೆಯಿತು, 1971ರಲ್ಲಿ ನಮೀಬಿಯಾ ಕುರಿತ ಸಲಹಾ ಅಭಿಪ್ರಾಯದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಒಂದು ಅಕ್ಷರವೂ ಬದಲಾಗದೆ ಸನ್ನದಿನ ಅತ್ಯಂತ ಬಿಗಿಯಾದ ವಾಕ್ಯ ಸಡಿಲಗೊಂಡದ್ದು ಹೀಗೆ. ಶಾಂತಿಪಾಲನಾ ಪಡೆಗಳ ಮಾತೂ ಸನ್ನದಿನಲ್ಲಿ ಎಲ್ಲಿಯೂ ಇಲ್ಲ; ಹಾಗಿದ್ದೂ ಕೊಡಗಿನ ಜನರಲ್ ತಿಮ್ಮಯ್ಯ 1965ರಲ್ಲಿ ಸೈಪ್ರಸ್‌ನಲ್ಲಿ ಕೊನೆಯುಸಿರೆಳೆದದ್ದು ಅಂಥ ಪಡೆಯೊಂದರ ದಂಡನಾಯಕರಾಗಿಯೇ.

ಕೊನೆಗೆ ಒಬ್ಬ ವಿದ್ಯಾರ್ಥಿನಿ ಕುರ್ಚಿಗಳನ್ನು ಇದ್ದಂತೆಯೇ ಬಿಟ್ಟು, ಪ್ರಸ್ತಾವವನ್ನು ತಡೆಯಲು ಒಬ್ಬರ ಬದಲು ಇಬ್ಬರು ಕಾಯಂ ಸದಸ್ಯರು ವಿರೋಧಿಸಬೇಕೆಂದು ಮಾಡಿದರೆ ಏನಾಗುತ್ತದೆ ಎಂದು ಕೇಳಿದಳು. ಗೆಲ್ಲುವ ಸಂದರ್ಭಗಳು 848ರಿಂದ 4,038ಕ್ಕೆ ಏರುತ್ತವೆ, ಅಂದರೆ ಎಂಟರಲ್ಲಿ ಒಂದು. ಹತ್ತು ಚುನಾಯಿತ ಸದಸ್ಯರ ಒಟ್ಟು ಬಲ ಶೇ 1.9ರಿಂದ ಶೇ 15.9ಕ್ಕೆ ಹೋಗುತ್ತದೆ. ನಾವು ಮಾಡಿ ನೋಡಿದ ಎಲ್ಲ ಬದಲಾವಣೆಗಳಲ್ಲಿ ಅತಿ ಕಡಿಮೆ ಶಬ್ದಗಳ ತಿದ್ದುಪಡಿ ಇದೇ, ಅತಿ ಹೆಚ್ಚು ಪರಿಣಾಮ ಬೀರುವುದೂ ಇದೇ. ಇದಕ್ಕೂ 108ನೆಯ ವಿಧಿಯ ಐದು ಅನುಮೋದನೆಗಳು ಬೇಕು, ಮತ್ತು 1963ರಲ್ಲಿದ್ದಂತೆ ಒತ್ತಡ ತರುವ ಹೊಸ ಸದಸ್ಯರ ಅಲೆ ಈಗಿಲ್ಲ. 2011ರಲ್ಲಿ ಸೇರಿದ ದಕ್ಷಿಣ ಸುಡಾನ್ ಕೊನೆಯದು. ಸದ್ಯಕ್ಕೆ ಸಾಧ್ಯವಾಗಿರುವುದು 2022ರ ಏಪ್ರಿಲ್‌ನಲ್ಲಿ ಮಹಾಸಭೆ ಮಾಡಿಕೊಂಡ ಏರ್ಪಾಡು: ಮಂಡಳಿಯಲ್ಲಿ ಯಾರು ವೀಟೊ ಚಲಾಯಿಸಿದರೂ ಹತ್ತು ಕೆಲಸದ ದಿನಗಳೊಳಗೆ ಮಹಾಸಭೆ ಸೇರಿ ಅದರ ಮೇಲೆ ಚರ್ಚೆ ನಡೆಸುತ್ತದೆ, ವೀಟೊ ಚಲಾಯಿಸಿದ ದೇಶಕ್ಕೆ ಮಾತನಾಡಲು ಮೊದಲ ಅವಕಾಶ ಕೊಡುತ್ತದೆ. ಅದಕ್ಕೆ ಸನ್ನದಿನ ತಿದ್ದುಪಡಿ ಬೇಕಾಗಲಿಲ್ಲ.