ನಿಕ್ಕೋ ಬೆಟ್ಟದಲ್ಲಿ ಎಲೆ ಕೆಂಪಾಗುವ ಲೆಕ್ಕ

ಅಕ್ಟೋಬರ್ ಕೊನೆಯ ವಾರ ಜಪಾನಿನ ನಿಕ್ಕೋಗೆ ಹೋದರೆ ಒಂದೇ ದಿನದಲ್ಲಿ ಮೂರು ಬಗೆಯ ಕಾಡು ಕಾಣಸಿಗುತ್ತದೆ. ಕೆಳಗೆ, ತೋಷೋಗು ದೇವಾಲಯದ ಸುತ್ತ, ಮೇಪಲ್ ಮರಗಳು ಇನ್ನೂ ಬಹುಪಾಲು ಹಸಿರು. ಬಸ್ಸು ಹತ್ತಿ ಬೆಟ್ಟ ಏರಿದರೆ ಚೂಜೆಂಜಿ ಸರೋವರದ ದಡದಲ್ಲಿ ಕೆಂಪು, ಕಿತ್ತಳೆ, ಹಳದಿ. ಇನ್ನೂ ಮೇಲೆ, ಬಿಸಿನೀರಿನ ಬುಗ್ಗೆಗಳಿರುವ ಯುಮೋಟೊದಲ್ಲಿ ಎಷ್ಟೋ ಮರಗಳು ಆಗಲೇ ಎಲೆ ಉದುರಿಸಿ ಬೋಳಾಗಿರುತ್ತವೆ. ನಿಲ್ದಾಣದಿಂದ ಅಲ್ಲಿಗೆ ಬಸ್ಸಿನಲ್ಲಿ ಹೆಚ್ಚೆಂದರೆ ಒಂದೂವರೆ ಗಂಟೆ.

ಇದಕ್ಕೆ ಕಾರಣ ಎತ್ತರ. ತೋಷೋಗು ಇರುವುದು ಸುಮಾರು 650 ಮೀಟರ್ ಎತ್ತರದಲ್ಲಿ. ಚೂಜೆಂಜಿ 1,269 ಮೀಟರ್, ಯುಮೋಟೊ 1,480ರ ಆಸುಪಾಸು. ಗಾಳಿ ಮೇಲೇರಿದಂತೆ ಒತ್ತಡ ಕಡಿಮೆಯಾಗಿ ಹಿಗ್ಗುತ್ತದೆ, ಹಿಗ್ಗಿದಾಗ ತಣ್ಣಗಾಗುತ್ತದೆ. ಪ್ರತಿ 100 ಮೀಟರಿಗೆ ಸರಾಸರಿ 0.6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ ಎಂದು ಇಟ್ಟುಕೊಳ್ಳಿ. ತೋಷೋಗುವಿಗಿಂತ ಯುಮೋಟೊ ಹತ್ತಿರ ಹತ್ತಿರ 5 ಡಿಗ್ರಿ ತಂಪು.

ಈ 5 ಡಿಗ್ರಿ ಎಂದರೆ ಎಷ್ಟು? ಟೋಕಿಯೋದ ಸರಾಸರಿ ತಾಪಮಾನ ಸೆಪ್ಟೆಂಬರ್‌ನಲ್ಲಿ ಸುಮಾರು 23 ಡಿಗ್ರಿ, ಅಕ್ಟೋಬರ್‌ನಲ್ಲಿ 18, ನವೆಂಬರ್‌ನಲ್ಲಿ 12.5. ಅಲ್ಲಿಯ ಶರತ್ಕಾಲದಲ್ಲಿ ತಿಂಗಳಿಗೆ 5 ಡಿಗ್ರಿಯಷ್ಟು ತಾಪ ಇಳಿಯುತ್ತದೆ. ಅಂದರೆ 830 ಮೀಟರ್ ಮೇಲೇರುವುದೂ ಒಂದು ತಿಂಗಳು ಮುಂದೆ ಹೋಗುವುದೂ ಮರದ ಪಾಲಿಗೆ ಹೆಚ್ಚುಕಮ್ಮಿ ಒಂದೇ. ಯುಮೋಟೊ ಸುತ್ತ ಬಣ್ಣ ಏರುವುದು ಅಕ್ಟೋಬರ್ ಆರಂಭದಲ್ಲಿ, ತೋಷೋಗುವಿನಲ್ಲಿ ನವೆಂಬರ್ ಆರಂಭದಲ್ಲಿ. ಲೆಕ್ಕ ಇಷ್ಟು ಚೆನ್ನಾಗಿ ಕೂಡಿಬರುವುದು ನೋಡಿದರೆ ಖುಷಿಯಾಗುತ್ತದೆ ಅಲ್ವಾ?

ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಚಳಿಗಾಲ ಬರುತ್ತಿದೆ ಎಂದು ಮರಕ್ಕೆ ಗೊತ್ತಾಗುವುದು ಎರಡು ದಾರಿಯಲ್ಲಿ. ಒಂದು, ಹಗಲು ಚಿಕ್ಕದಾಗುವುದು. ಇನ್ನೊಂದು, ಚಳಿ. ನಿಕ್ಕೋದಲ್ಲಿ ಬೆಟ್ಟದ ಬುಡಕ್ಕೂ ತುದಿಗೂ ಹಗಲಿನ ಉದ್ದ ಒಂದೇ. ಮೇಲೆ ಹೋದಂತೆ ಮರದ ಜಾತಿಗಳೂ ಸ್ವಲ್ಪ ಬದಲಾಗುತ್ತವೆ, ನಿಜ. ಆದರೂ ಅಷ್ಟು ದೊಡ್ಡ ಅಂತರ ತರುವುದು ಮುಖ್ಯವಾಗಿ ಚಳಿಯೇ. ರಾತ್ರಿಯ ಕನಿಷ್ಠ ತಾಪಮಾನ 8 ಡಿಗ್ರಿಗಿಂತ ಕೆಳಗಿಳಿದರೆ ಬಣ್ಣ ಶುರುವಾಗುತ್ತದೆ ಎಂಬುದು ಜಪಾನಿನಲ್ಲಿ ಜನ ಬಳಸುವ ಅಂದಾಜು.

ಎಲೆಯೊಳಗೆ ಏನಾಗುತ್ತದೆ? ಪತ್ರಹರಿತ್ತು ಮತ್ತು ಅದರ ಜೊತೆಗಿರುವ ಪ್ರೋಟೀನುಗಳಲ್ಲಿ ಬೇಕಾದಷ್ಟು ಸಾರಜನಕ ಇರುತ್ತದೆ. ಮರ ಅದನ್ನು ಎಲೆಯ ಜೊತೆ ಕಳೆದುಕೊಳ್ಳಲು ತಯಾರಿಲ್ಲ. ಬಾಡಿಗೆ ಮನೆ ಬಿಡುವ ಮುಂಚೆ ಬೆಲೆಬಾಳುವ ಸಾಮಾನನ್ನೆಲ್ಲ ಸಾಗಿಸುವ ಹಾಗೆ, ಪ್ರೋಟೀನುಗಳನ್ನು ಒಡೆದು ಸಾರಜನಕವನ್ನು ರೆಂಬೆ, ಕಾಂಡಗಳಿಗೆ ಒಯ್ಯುತ್ತದೆ. ಹಸಿರು ಹೋದ ಮೇಲೆ ಮೊದಲಿನಿಂದಲೂ ಎಲೆಯಲ್ಲೇ ಇದ್ದ ಹಳದಿ ಬಣ್ಣದ ಕ್ಯಾರೊಟಿನಾಯ್ಡ್‌ಗಳು ಕಣ್ಣಿಗೆ ಬೀಳುತ್ತವೆ. ಹಳದಿ ಅಂದರೆ ಅಷ್ಟೇ. ಗಿಂಕೋ ಮರದ ಹೊಂಬಣ್ಣ ಇದೇ.

ಕೆಂಪಿನ ಕತೆ ಬೇರೆ. ಮೇಪಲ್ ಎಲೆಗೆ ಕೆಂಪು ಕೊಡುವ ಆಂಥೋಸಯನಿನ್ ಎಂಬ ಬಣ್ಣದ್ರವ್ಯ ಬೇಸಿಗೆಯಲ್ಲಿ ಅಲ್ಲಿ ಇರುವುದೇ ಇಲ್ಲ. ಸಾಯುವ ಮುಂಚಿನ ಕೆಲವು ದಿನಗಳಲ್ಲಿ ಎಲೆ ಅದನ್ನು ಹೊಸದಾಗಿ ತಯಾರಿಸುತ್ತದೆ. ತಯಾರಿಗೆ ಸಕ್ಕರೆ ಬೇಕು, ಬೆಳಕು ಬೇಕು. ಎಲೆಯ ತೊಟ್ಟಿನ ಬುಡದಲ್ಲಿ ತಡೆಪದರ ಬೆಳೆಯುತ್ತಾ ಹೋದಂತೆ ಸಕ್ಕರೆ ಹೊರಗೆ ಹೋಗಲಾರದೆ ಎಲೆಯಲ್ಲೇ ಉಳಿಯುತ್ತದೆ. ಹಗಲು ಒಳ್ಳೆ ಬಿಸಿಲಿದ್ದರೆ ಸಕ್ಕರೆ ಜಾಸ್ತಿ. ರಾತ್ರಿ ತಣ್ಣಗಿದ್ದರೆ ಉಸಿರಾಟಕ್ಕೆ ಖರ್ಚಾಗುವುದು ಕಮ್ಮಿ. ಅದಕ್ಕೇ ಬಿಸಿಲಿನ ಹಗಲು, ಚಳಿಯ ರಾತ್ರಿ ಎರಡೂ ಸೇರಿದ ವರ್ಷ ಕೆಂಪು ಉರಿಯುತ್ತದೆ. ಬೆಳಕು ಬೇಕೆಂಬುದನ್ನು ನೀವೇ ಪರೀಕ್ಷಿಸಬಹುದು: ಒಂದರ ಮೇಲೊಂದು ಬಿದ್ದಂತೆ ಬೆಳೆದ ಎರಡು ಎಲೆಗಳನ್ನು ಹುಡುಕಿ. ಮೇಲಿನ ಎಲೆಯ ನೆರಳು ಬಿದ್ದ ಕಡೆ ಕೆಳಗಿನ ಎಲೆ ಹಳದಿಯಾಗಿಯೇ ಉಳಿದಿರುತ್ತದೆ.

ಉದುರಿಹೋಗುವ ಎಲೆಗೆ ಈ ಖರ್ಚು ಯಾಕೆ? ವಿಕಾಸ ವಿಜ್ಞಾನಿಗಳಾದ ಹ್ಯಾಮಿಲ್ಟನ್ ಮತ್ತು ಬ್ರೌನ್ ಅವರ ಒಂದು ವಾದ 2001ರಲ್ಲಿ ಪ್ರಕಟವಾಯಿತು. ಗಾಢ ಬಣ್ಣದ ಮೂಲಕ ಮರ ತಾನು ಗಟ್ಟಿಮುಟ್ಟಾಗಿದ್ದೇನೆ ಎಂದು ಗಿಡಹೇನಿನಂಥ ಕೀಟಗಳಿಗೆ ಎಚ್ಚರಿಕೆ ಕೊಡುತ್ತದೆ ಎಂದು. ಇನ್ನೊಂದು ವಾದ ಹೆಚ್ಚು ಸರಳ. ಚಳಿಯಲ್ಲಿ ಎಲೆಯ ಕೆಲಸ ನಿಧಾನ, ಆದರೆ ಬಿಸಿಲು ಬೀಳುತ್ತಲೇ ಇರುತ್ತದೆ. ಬಳಕೆಯಾಗದ ಬೆಳಕು ಜೀವಕೋಶಗಳನ್ನು ಹಾಳುಮಾಡುತ್ತದೆ. ಆಂಥೋಸಯನಿನ್ ಆ ಹೆಚ್ಚಿನ ಬೆಳಕನ್ನು ತಡೆದು, ಸಾರಜನಕ ಸಾಗಿಸಲು ಸಮಯ ಕೊಡುತ್ತದೆ. 2003ರಲ್ಲಿ ಅಮೆರಿಕದ ಸಂಶೋಧಕರು ಆಂಥೋಸಯನಿನ್ ತಯಾರಿಸಲಾರದ ಗಿಡಗಳನ್ನು ಮಾಮೂಲಿ ಗಿಡಗಳ ಜೊತೆ ಹೋಲಿಸಿದರು. ಜೋರು ಬೆಳಕು, ಚಳಿ ಎರಡೂ ಇದ್ದಾಗ ಕೆಂಪಿಲ್ಲದವು ಕಡಿಮೆ ಸಾರಜನಕ ವಾಪಸ್ ಪಡೆದವು. ನನಗೆ ಈ ವಾದವೇ ಹೆಚ್ಚು ಗಟ್ಟಿ ಅನ್ನಿಸುತ್ತದೆ.

ಇದಕ್ಕೆ ನಮ್ಮಲ್ಲೂ ಒಂದು ಜೋಡಿ ಇದೆ. ಪಶ್ಚಿಮ ಘಟ್ಟದ ನಾಗಸಂಪಿಗೆಯ ಚಿಗುರು, ಅಂಗಳದ ಮಾವಿನ ಚಿಗುರು ಕೆಂಪಗಿರುವುದೂ ಆಂಥೋಸಯನಿನ್‌ನಿಂದಲೇ. ನಮ್ಮಲ್ಲಿ ಎಲೆ ಹುಟ್ಟುವಾಗ ಕೆಂಪು, ನಿಕ್ಕೋದಲ್ಲಿ ಸಾಯುವಾಗ. ಎರಡೂ ಹೊತ್ತಲ್ಲಿ ಎಲೆ ಬಿದ್ದ ಬೆಳಕನ್ನು ಪೂರ್ತಿ ಬಳಸಿಕೊಳ್ಳಲಾರದು.

ಜಪಾನಿನ ಹವಾಮಾನ ಇಲಾಖೆ 1953ರಿಂದ ಗೊತ್ತುಮಾಡಿದ ಮರಗಳನ್ನು ವರ್ಷ ವರ್ಷವೂ ನೋಡಿ, ಮೇಪಲ್ ಕೆಂಪಾದ ದಿನವನ್ನು ಬರೆದಿಡುತ್ತಿದೆ. ಮರದಲ್ಲಿ ಹಸಿರು ಹೆಚ್ಚುಕಡಿಮೆ ಕಾಣದಂತಾದಾಗ ದಾಖಲೆ. 2021ರಲ್ಲಿ ಇಲಾಖೆ ಇಂಥ ಗಮನಿಕೆಗಳಲ್ಲಿ ಬಹಳಷ್ಟನ್ನು ನಿಲ್ಲಿಸಿತು. ಮೇಪಲ್ ಮತ್ತು ಗಿಂಕೋ ಉಳಿದುಕೊಂಡವು, ಸದ್ಯ. ಆ ದಾಖಲೆಯ ಪ್ರಕಾರ ಮೇಪಲ್ ಕೆಂಪಾಗುವ ದಿನ ಹತ್ತು ವರ್ಷಕ್ಕೆ ಸುಮಾರು ಮೂರು ದಿನದಂತೆ ತಡವಾಗುತ್ತಿದೆ. ಭೂಮಿ ಬಿಸಿಯಾಗುತ್ತಿರುವುದು ಇಷ್ಟು ನೇರವಾಗಿ ಕಣ್ಣಿಗೆ ಕಾಣುವ ಜಾಗಗಳು ಕಡಿಮೆ. ಹಳೆಯ ಪ್ರವಾಸ ಪುಸ್ತಕದ ತಾರೀಖನ್ನು ನಂಬಿ ಟಿಕೆಟ್ ತೆಗೆಸಬೇಡಿ.

ಟೋಕಿಯೋದ ಅಸಾಕುಸಾದಿಂದ ನಿಕ್ಕೋಗೆ ಎಕ್ಸ್‌ಪ್ರೆಸ್ ರೈಲಿನಲ್ಲಿ ಎರಡು ಗಂಟೆ. ಬೆಟ್ಟದ ರಸ್ತೆ ಇರೋಹಾಜಾಕಾಗೆ ಏರಲು ಒಂದು, ಇಳಿಯಲು ಒಂದು ದಾರಿ, ಎರಡೂ ಸೇರಿ 48 ತಿರುವು. ಅಕ್ಟೋಬರ್‌ನ ಶನಿವಾರ, ಭಾನುವಾರ ಅಲ್ಲಿ ವಾಹನಗಳು ಗಂಟೆಗಟ್ಟಲೆ ನಿಲ್ಲುತ್ತವೆ. ವಾರದ ಮಧ್ಯೆ ಹೋಗಿ, ಬೆಳಗಿನ ಬಸ್ಸಿನಲ್ಲಿ ನೇರ ಯುಮೋಟೊಗೆ ಏರಿ, ಅಲ್ಲಿಂದ ನಡೆಯುತ್ತಾ ಇಳಿಯಿರಿ. ಯುಡಾಕಿ ಜಲಪಾತ, ಸೆಂಜೋಗಹಾರಾ ಜೌಗು ಬಯಲಿನ ಮರದ ಹಲಗೆಯ ಹಾದಿ, ರ್ಯೂಜು ಜಲಪಾತ: ಮೂರು ಗಂಟೆಯ ಸಲೀಸು ನಡಿಗೆ. ಬಯಲಿನಂಚಿನಲ್ಲಿ ಹೊಂಬಣ್ಣಕ್ಕೆ ತಿರುಗುವ ಕರಮಾತ್ಸು ಮರಗಳನ್ನು ಬಿಡಬೇಡಿ. ಅವು ಪೈನ್ ಜಾತಿಗೆ ಹತ್ತಿರದ ಸೂಜಿಯೆಲೆಯ ಮರಗಳು, ಆದರೂ ಚಳಿಗಾಲಕ್ಕೆ ಎಲ್ಲ ಎಲೆ ಉದುರಿಸುತ್ತವೆ. ಕರಡಿಗಳಿರುವ ಕಾಡು, ಚೀಲಕ್ಕೊಂದು ಗಂಟೆ ಕಟ್ಟಿಕೊಳ್ಳಿ. ನವೆಂಬರ್ ಮಧ್ಯದಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಬೆಟ್ಟದ ಮರೆಯಲ್ಲಿ ಇನ್ನೂ ಬೇಗ. ಕೆಗೋನ್ ಜಲಪಾತದ 97 ಮೀಟರ್ ಬೀಳು ನೋಡಲು ಮಧ್ಯಾಹ್ನವೇ ಚೂಜೆಂಜಿ ತಲುಪಿದ್ದರೆ ಒಳ್ಳೆಯದು.