ಲೋಟ ಬದಲಾದರೆ ಮೊದಲು ಚೆಂಡು ಬದಲಾಯಿಸಿ: ಕಪ್ಸ್ ಅಂಡ್ ಬಾಲ್ಸ್ ಕಲಿಯುವವರಿಗೆ ಟಿಪ್ಪಣಿ

ಕಪ್ಸ್ ಅಂಡ್ ಬಾಲ್ಸ್ ಅಂದರೆ ಬೋರಲು ಹಾಕಿದ ಮೂರು ಕಪ್ಪುಗಳ ಅಡಿಯಲ್ಲಿ ಚೆಂಡುಗಳು ಮಾಯವಾಗಿ ಮತ್ತೆ ಕಾಣಿಸಿಕೊಳ್ಳುವ ಜಾದೂ. ಜಾದೂ ಅಂಗಡಿಯ ಅಲ್ಯೂಮಿನಿಯಂ ಕಪ್ಪಿನಲ್ಲಿ ಮೂರು ತಿಂಗಳು ಅದಕ್ಕೆ ಕೈ ಪಳಗಿಸಿದ್ದೆ. ಚಿಕ್ಕಮ್ಮನ ಮನೆಯಲ್ಲಿ ನಾಮಕರಣ. "ಏನಾದ್ರೂ ತೋರ್ಸೋ" ಅಂದರು. ಕಪ್ ತಂದಿರಲಿಲ್ಲ. ಅಡುಗೆಮನೆಯಿಂದ ಆಗಷ್ಟೇ ತೊಳೆದ ಮೂರು ಸ್ಟೀಲ್ ಲೋಟ ತಂದು, ಒಂದರೊಳಗೊಂದು ಇಟ್ಟೆ. ಕೆಳಗಿನದನ್ನು ಎಳೆದರೆ ಬರಲಿಲ್ಲ, ಒದ್ದೆ ಲೋಟ ಕಚ್ಚಿಕೊಂಡಿತ್ತು. ಜೋರಾಗಿ ಎಳೆದಾಗ ಮೂರೂ ಒಟ್ಟಿಗೆ ಬಿಟ್ಟುಕೊಂಡವು. ಮಧ್ಯದ ಲೋಟದಲ್ಲಿ ಅಡಗಿಸಿದ್ದ ನಾಲ್ಕನೇ ಚೆಂಡು ಹಾರಿ ಚಿಕ್ಕಪ್ಪನ ಎಲೆಯ ಪಕ್ಕ ಬಿತ್ತು. "ಮೂರೇ ಚೆಂಡು ಅಂದಿದ್ದೆಯಲ್ಲೋ?" ಎಂದು ಅವರು ಕೇಳಿದರು. ಆಶ್ಚರ್ಯದಿಂದ ಕೇಳಿದ್ದಲ್ಲ.

ಆಮೇಲೆ ಲೋಟಗಳನ್ನು ಅಳೆಯಲು ಕೂತೆ. ಆಗ ಬರೆದುಕೊಂಡದ್ದು ಇದು. ಸುಳ್ಳು ವರ್ಗಾವಣೆ, ಅಂದರೆ ಚೆಂಡನ್ನು ಇನ್ನೊಂದು ಕೈಗೆ ಕೊಟ್ಟಂತೆ ಮಾಡಿ ಬೆರಳ ಬುಡದಲ್ಲೇ ಉಳಿಸಿಕೊಳ್ಳುವುದು, ನಿಮಗೆ ಬರುತ್ತದೆ ಎಂದುಕೊಂಡಿದ್ದೇನೆ. ಬರದಿದ್ದರೆ ಲೋಟದ ಚಿಂತೆ ಈಗಲೇ ಬೇಡ.

ಹೊಸ ಲೋಟ ಸಿಕ್ಕಾಗ ನಾವು ಮೊದಲು ಕೈಯ ಚಲನೆ ಬದಲಾಯಿಸಲು ಹೋಗುತ್ತೇವೆ. ಅದೇ ತಪ್ಪು. ತಿಂಗಳುಗಟ್ಟಲೆ ಕಲಿತ ಕೈ ಹಾಗೇ ಇರಲಿ, ಚೆಂಡು ಬದಲಾಗಲಿ. ಯಾವ ಅಳತೆಯ ಚೆಂಡು? ಲೋಟ ಬೋರಲು ಹಾಕಿ, ಅದರ ತಳದ ಮೇಲೆ ಚೆಂಡಿಟ್ಟು ಇನ್ನೊಂದು ಲೋಟ ಮುಚ್ಚುವ ಭಾಗವಿದೆಯಲ್ಲ, ಚೆಂಡು ತಳ ತೂರಿ ಕೆಳಗೆ ಇಳಿಯಿತು ಎನ್ನುವುದು, ಅಲ್ಲಿ ಕೊನೆಗೆ ಮೂರೂ ಚೆಂಡು ಅಕ್ಕಪಕ್ಕ ಕೂರಬೇಕು. ಒಂದಕ್ಕೊಂದು ತಾಗಿ ಕೂತ ಮೂರು ಚೆಂಡುಗಳಿಗೆ ಬೇಕಾದ ವೃತ್ತದ ಅಗಲ, ಒಂದು ಚೆಂಡಿನ ಅಗಲದ ಸುಮಾರು 2.15 ಪಟ್ಟು. ಹಾಗಾಗಿ ಲೋಟದ ತಳದ ಒಳ ಅಗಲವನ್ನು 2.15ರಿಂದ ಭಾಗಿಸಿ. ತಳ 48 ಮಿ.ಮೀ. ಇದ್ದರೆ 22 ಮಿ.ಮೀ. ಚೆಂಡು. 40 ಇದ್ದರೆ 18. ಕಾಫಿ ಲೋಟದ ತಳ 34 ಮಿ.ಮೀ. ಅಂದುಕೊಳ್ಳಿ, 15ಕ್ಕಿಂತ ದೊಡ್ಡದು ಬೇಡ. ನಾಮಕರಣದ ದಿನ ನನ್ನ ಜೇಬಲ್ಲಿದ್ದದ್ದು 25 ಮಿ.ಮೀ. ಚೆಂಡು. ಲೋಟ ಕಚ್ಚಿಕೊಳ್ಳದೇ ಇದ್ದಿದ್ದರೂ ಆಟ ಅರ್ಧಕ್ಕೇ ನಿಲ್ಲುತ್ತಿತ್ತು.

ಅಗಲ ಸರಿಹೋದರೂ ಎತ್ತರದ್ದು ಬೇರೆ ಲೆಕ್ಕ. ಸ್ಟೀಲ್ ಲೋಟಗಳು ಒಂದರೊಳಗೊಂದು ಜಾಸ್ತಿ ಆಳಕ್ಕೆ ಇಳಿಯುತ್ತವೆ. ಎರಡು ತಳಗಳ ನಡುವೆ ಚೆಂಡಿಗೆ ಜಾಗವೇ ಇರುವುದಿಲ್ಲ. ಚೆಂಡಿಟ್ಟರೆ ಮೇಲಿನ ಲೋಟ ಅದರ ಮೇಲೆಯೇ ಕೂತು ವಾಲುತ್ತದೆ. ದುಡ್ಡು ಕೊಟ್ಟು ತರುವ ಕಪ್ಪಿನ ಸುತ್ತ ಬಳೆಯಂಥ ಉಬ್ಬು ಇರುತ್ತದೆ ಅಲ್ವಾ? ಅದು ಬರೀ ಅಂದಕ್ಕಲ್ಲ. ಮೇಲಿನ ಕಪ್ಪು ಅಲ್ಲಿಗೇ ನಿಲ್ಲಲಿ ಅಂತ. ಲೋಟಕ್ಕೆ ಆ ಬಳೆಯನ್ನು ನಾವೇ ತೊಡಿಸಬಹುದು. ಬೋರಲು ಲೋಟದ ಮೇಲೆ ಚೆಂಡಿಟ್ಟು ಇನ್ನೊಂದು ಲೋಟ ಮುಚ್ಚಿ. ಅದರ ಅಂಚು ಬಂದು ನಿಂತ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಗುರುತಿಗಿಂತ ಎರಡು ಮೂರು ಮಿ.ಮೀ. ಮೇಲಕ್ಕೆ ಅಂಚು ನಿಲ್ಲುವ ಹಾಗೆ, ಕರೆಂಟಿನವರು ಬಳಸುವ ಕೆಂಪು ಟೇಪನ್ನು ಸುತ್ತುತ್ತಾ ಹೋಗಿ. ಎಷ್ಟು ಸುತ್ತು ಅನ್ನುವುದನ್ನು ಲೋಟವೇ ಹೇಳುತ್ತದೆ, ಅಂಚು ಜಾರುವುದು ನಿಂತರೆ ಸಾಕು. ಒದ್ದೆ ಲೋಟ ಕಚ್ಚಿಕೊಳ್ಳುವ ಕಾಟವೂ ಇದರಿಂದಲೇ ತಪ್ಪುತ್ತದೆ.

ಇನ್ನು ಉದ್ದ ಲೋಟ, ಗಿಡ್ಡ ಲೋಟ. ಒಳಗೆ ಚೆಂಡಿರುವ ಲೋಟವನ್ನು ಖಾಲಿ ಎಂಬಂತೆ ತಿರುಗಿಸಿ ಬೋರಲು ಹಾಕುವಾಗ ಉದ್ದ ಲೋಟ ನಮ್ಮ ಪರ. 9 ಸೆಂ.ಮೀ. ಬೀಳಲು ಚೆಂಡಿಗೆ ಸುಮಾರು 0.14 ಸೆಕೆಂಡ್ ಬೇಕು, 5 ಸೆಂ.ಮೀ.ಗೆ 0.10. ವ್ಯತ್ಯಾಸ ಚಿಕ್ಕದು, ಆದರೆ ಬೆರಳಿಗೆ ಗೊತ್ತಾಗುತ್ತದೆ. ಗಿಡ್ಡ ಲೋಟದಲ್ಲಿ ಸ್ವಲ್ಪ ತಡವಾದರೂ ಚೆಂಡು ಬಾಯಿಯಿಂದ ಇಣುಕುತ್ತದೆ. ಉದ್ದ ಲೋಟ ಕೈ ಕೊಡುವುದು ಸದ್ದಿನಲ್ಲಿ. ಚೆಂಡು ಮೇಲಿನಿಂದ ಬಿದ್ದು ಟಕ್ ಅನ್ನುತ್ತದೆ, ಸ್ಟೀಲಿಗೆ ತಾಗಿದರೆ ಗಂಟೆಯ ಹಾಗೆ ಕೇಳುತ್ತದೆ. ಉಲ್ಲನ್ ನೂಲಿನಲ್ಲಿ ಹೆಣೆದ ಚೆಂಡು, ಕೆಳಗೆ ದಪ್ಪ ಟವೆಲ್, ಎರಡೂ ಬೇಕು. ಬರೀ ಒಂದರಿಂದ ಆಗುವುದಿಲ್ಲ, ಪ್ರಯತ್ನಿಸಿ ಸೋತಿದ್ದೇನೆ.

ಕೈ ನಿಜವಾಗಿ ಬದಲಾಗಬೇಕಾದದ್ದು ಒಂದೇ ಕಡೆ, ಅಂಚಿನ ಕೆಳಗೆ ಚೆಂಡು ತೂರಿಸುವಲ್ಲಿ. ಕಿರಿದಾದ ಲೋಟವನ್ನು ಬಾಯಿಯ ಹತ್ತಿರ ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು ವಾಲಿಸುತ್ತೀರಿ. ನೋಡುವವರ ಕಣ್ಣು ಕೆಳಗೆ ಕಂಡ ಚೆಂಡಿನ ಮೇಲೆ. ಲೋಟ ಮತ್ತೆ ಕೆಳಗಿಳಿಯುವಾಗ ಉಂಗುರ ಬೆರಳು ಒಳಕ್ಕೆ ಮಡಚಿ, ಅದರ ಬುಡದಲ್ಲಿದ್ದ ಚೆಂಡನ್ನು ಅಂಚಿನ ಅಡಿಗೆ ಉರುಳಿಸುತ್ತದೆ. ಬೆರಳು ಮಡಚುವುದು ಮೊದಲು, ಲೋಟ ಟವೆಲಿಗೆ ತಾಗುವುದು ಆಮೇಲೆ. ಬಾಯಿ 8 ಸೆಂ.ಮೀ. ಇರುವ ದೊಡ್ಡ ಲೋಟದಲ್ಲಿ ನನ್ನಂಥ ಚಿಕ್ಕ ಕೈಯವರಿಗೆ ಇದು ಸಾಧ್ಯವಿಲ್ಲ, ಹಿಡಿಯುವುದಕ್ಕೇ ಎಲ್ಲ ಬೆರಳೂ ಬೇಕು. ಆಗ ಬಲಗೈಯಲ್ಲಿ ಎತ್ತಿದ ಲೋಟವನ್ನು ಎಡಗೈಗೆ ದಾಟಿಸಿ. ಗುಟ್ಟಿನ ಚೆಂಡು ಆ ಎಡಗೈಯಲ್ಲಿ ಮೊದಲೇ ಕಾಯುತ್ತಿರುತ್ತದೆ. ಲೋಟದ ಬಾಯಿ ಬೆರಳುಗಳ ಮೇಲೆ ಬಂದ ಕೂಡಲೇ ಕೆಲಸ ಮುಗಿಯಿತು.

ಆಟದ ಕೊನೆಯಲ್ಲಿ ಚೆಂಡಿನ ಬದಲು ಲೋಟದ ಕೆಳಗಿನಿಂದ ಹೊರಬರುವ ನಿಂಬೆಹಣ್ಣು, ಟೊಮೆಟೊ, ಮೋಸಂಬಿಗೂ ಇದೇ ದಾರಿ. ಹಣ್ಣಿಗಿಂತ ಲೋಟದ ಬಾಯಿ ಒಂದು ಬೆರಳಿನಷ್ಟು ಅಗಲ ಇರಲಿ. ಕಾಫಿ ಲೋಟಕ್ಕೆ ನಿಂಬೆಹಣ್ಣೇ ಸಾಕು. ಮೋಸಂಬಿಯ ಆಸೆಗೆ ಬಿದ್ದರೆ ಕೈಯಲ್ಲೂ ಅಡಗುವುದಿಲ್ಲ, ಲೋಟದಲ್ಲೂ ಹಿಡಿಯುವುದಿಲ್ಲ. ಮೇಲಕ್ಕೆ ಕಿರಿದಾಗುವ ಕಪ್ಪಿನಲ್ಲಿ ಮೆತ್ತಗಿನ ರಬ್ಬರ್ ಚೆಂಡನ್ನು ಸ್ವಲ್ಪ ಒತ್ತಿದರೆ ಒಳಗೇ ಸಿಕ್ಕಿಕೊಂಡು ನಿಲ್ಲುತ್ತದೆ. ಕಪ್ಪನ್ನು ಎತ್ತಿ ಕೆಳಗೆ ಏನೂ ಇಲ್ಲ ಎಂದು ತೋರಿಸಿ, ತಟ್ಟಿ ಇಟ್ಟು ಬೀಳಿಸಬಹುದು. ಹಣ್ಣಿನಲ್ಲಿ ಇದನ್ನು ನಂಬಬೇಡಿ.

ಈ ಲೆಕ್ಕಗಳೆಲ್ಲ ನಮ್ಮ ದೇಶದ ಬೀದಿ ಜಾದೂಗಾರರ ಮರದ ಕಪ್ಪಿನ ಹತ್ತಿರ ನಡೆಯುವುದಿಲ್ಲ. ಅದು ಗಿಡ್ಡ, ಗುಮ್ಮಟದ ಆಕಾರ, ತಲೆಯ ಮೇಲೆ ಮುಚ್ಚಳಕ್ಕಿರುವಂಥ ಹಿಡಿ. ಒಂದರೊಳಗೊಂದು ಕೂರುವುದೇ ಇಲ್ಲ, ಹಾಗಾಗಿ 2.15ಕ್ಕೆ ಅಲ್ಲಿ ಕೆಲಸವಿಲ್ಲ. ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ 1584ರಲ್ಲೇ ಈ ಆಟದ ಗುಟ್ಟು ಬರೆದಾಗ, ಚಿಕ್ಕ ಮೇಣದಬತ್ತಿ ಕಂಬ, ಬಟ್ಟಲು, ಉಪ್ಪಿನ ಪಾತ್ರೆಯ ಮುಚ್ಚಳ ಯಾವುದಾದರೂ ಆದೀತು, ಮುಚ್ಚಳವೇ ಎಲ್ಲಕ್ಕಿಂತ ಒಳ್ಳೆಯದು ಎಂದಿದ್ದ. ಯಾಕೆ ಮುಚ್ಚಳ ಎಂದು ನನಗೆ ಹೊಳೆದದ್ದು ಚನ್ನಪಟ್ಟಣದಲ್ಲಿ ಮೂರು ಮರದ ಕಪ್ ಕಡೆಸಿಕೊಂಡ ಮೇಲೆ. ಹಿಡಿಯನ್ನು ಹಿಡಿದರೆ ಉಳಿದ ಬೆರಳುಗಳು ತಾವಾಗೇ ಅಂಚಿನವರೆಗೆ ಇಳಿಬೀಳುತ್ತವೆ. ಚೆಂಡು ತೂರಿಸಲು ಬೇರೆ ಚಲನೆಯೇ ಬೇಡ. ಆದ್ದರಿಂದ ಈ ಕಪ್ಪಿಗೆ ಅಳತೆ ನಿಮ್ಮ ಬೆರಳು: ಹಿಡಿಯನ್ನು ಹಿಡಿದಾಗ ಉಂಗುರ ಬೆರಳಿನ ತುದಿ ನೆಲಕ್ಕೆ ತಾಗಬೇಕು. ನಾನು ಮೊದಲ ಸಲ ಅಂದಕ್ಕೆಂದು ಎರಡು ಸೆಂ.ಮೀ. ಎತ್ತರ ಜಾಸ್ತಿ ಹೇಳಿ ಕೆಡಿಸಿಕೊಂಡೆ. ಆ ಮೂರೂ ಈಗ ಅಕ್ಕನ ಮಗಳ ಆಟಿಕೆ.

ಮರದ ಕಪ್ಪನ್ನು ನೆಲದ ಮೇಲೆ ಕೂತೇ ಆಡಿ. ನಿಂತವರು ಮೇಲಿನಿಂದ ನೋಡುತ್ತಾರೆ, ಗುಮ್ಮಟವೇ ಬೆರಳನ್ನು ಮರೆಮಾಡುತ್ತದೆ. ಮೇಜಿನ ಮೇಲಿಟ್ಟು ಎದುರಿಗೆ ಜನರನ್ನು ಕೂರಿಸಿದರೆ ಅವರ ಕಣ್ಣು ಅಂಚಿನ ಮಟ್ಟಕ್ಕೆ ಬರುತ್ತದೆ.

ಈಗ ಹೊರಗೆ ಹೋಗುವಾಗ ಹಳೆಯ ಜಾಮಿಟ್ರಿ ಬಾಕ್ಸಿನಲ್ಲಿ 15, 18, 22 ಮಿ.ಮೀ.ನ ತಲಾ ನಾಲ್ಕು ಚೆಂಡು, ಒಂದು ಸುತ್ತು ಕೆಂಪು ಟೇಪು ಇರುತ್ತವೆ. ಯಾರಾದರೂ ಕೇಳಿದರೆ ಮೊದಲು ಅಡುಗೆಮನೆಗೆ ಹೋಗಿ ಲೋಟ ಒರೆಸಿ, ಮೂರು ಚೆಂಡು ಒಳಗೆ ಹಾಕಿ ಅಲ್ಲಾಡಿಸಿ ನೋಡುತ್ತೇನೆ. ತಳದಲ್ಲಿ ಮೂರೂ ಒಂದೇ ಮಟ್ಟದಲ್ಲಿ ಕೂತರೆ ಹೊರಗೆ ಬರುತ್ತೇನೆ. ಒಂದು ಮೇಲೆ ಹತ್ತಿ ಕೂತರೆ ಅದಕ್ಕಿಂತ ಚಿಕ್ಕ ಅಳತೆ.